ಲೋಳೆಸರವನ್ನು ಎಳೆದು ನೋಡಿದವರು

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರೇ ಬೇರೆ ಮನೆ ಮಾಡಿಕೊಂಡು ಹೊರಟರೂ ಲೋಳೆಸರದ ಒಂದು ಮರಿಯನ್ನು ಕುಂಡದಲ್ಲಿ ನೆಟ್ಟು, ಅದು ಬೇರು ಬಿಟ್ಟ ಮೇಲೆ ಅವರ ಕೈಗೆ ಕೊಟ್ಟು ಕಳಿಸಬೇಕು. ಬೇರು ಬಿಡದ ಮರಿಯನ್ನು ಕೊಡುವಂತಿಲ್ಲ. ಮರಿ ಇಲ್ಲದೆ ಹೋಗುವಂತೆಯೂ ಇಲ್ಲ. ಇದನ್ನು ಶುರು ಮಾಡಿದವರು ನನ್ನ ಅತ್ತೆ. ತಾಯಿಗಿಡವೂ ಅವರದೇ. ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ, ಮುಂದಿನ ಕೋಣೆಯ ಕಿಟಕಿಯ ಬಳಿ, ಮಾವನ ಹೊಲಿಗೆ ಮಿಷನ್ನಿಗೆ ತಾಗಿಕೊಂಡು ಅದು ಕೂತಿದೆ.

ಮಾವ ದರ್ಜಿ. ಆ ಕಿಟಕಿಯ ಬೆಳಕು ತಮ್ಮ ಸೂಜಿಗೆ ಬೇಕು ಎನ್ನುತ್ತಾರೆ. ಅತ್ತೆ ತಮ್ಮ ಗಿಡಕ್ಕೆ ಬೇಕು ಎನ್ನುತ್ತಾರೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಈ ವ್ಯಾಜ್ಯ ಒಂದು ರಾಜಿಗೆ ಬಂದಿತ್ತು. ಬೆಳಗಿನ ಬೆಳಕು ಗಿಡಕ್ಕೆ, ಮಧ್ಯಾಹ್ನದ್ದು ದರ್ಜಿಗೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಲೋಳೆಸರದ ಎಲೆ ಕೆಂಪಗಾಗುತ್ತದೆ. ಹಾಗಾಗಿ ರಾಜಿಯಲ್ಲಿ ಅತ್ತೆಗೆ ನಷ್ಟವೇನೂ ಆಗಲಿಲ್ಲ. ಮಾವನಿಗೆ ಇದು ಇನ್ನೂ ಗೊತ್ತಿಲ್ಲ.

ಹಿರಿಯ ಭಾವ ಹೊರಟಾಗ ಒಂದು ಮರಿ ಹೋಯಿತು. ನಾದಿನಿ ಮದುವೆಯಾಗಿ ಹೊರಟಾಗ ಇನ್ನೊಂದು. ನನ್ನ ಗಂಡ ಈ ಮನೆಯಲ್ಲೇ ಇದ್ದುದರಿಂದ ಅವರಿಗೆ ಕೊಡುವ ಪ್ರಸಂಗ ಬರಲಿಲ್ಲ. ಅವರು ಜ್ವರವೆಂದು ಆಸ್ಪತ್ರೆಗೆ ಹೋದರು. ತಿರುಗಿ ಬರಲಿಲ್ಲ. ಅಂಥ ಹೋಗುವಿಕೆಯ ಬಗ್ಗೆ ಪದ್ಧತಿಯಲ್ಲಿ ಏನೂ ಹೇಳಿಲ್ಲ.

ನಾನು ನೀರು ಸರಬರಾಜಿನವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬೇರೆ ಬೇರೆ ಬೀದಿಗಳ ನಲ್ಲಿನೀರು ಬಾಟಲಿಗಳಲ್ಲಿ ಬರುತ್ತದೆ. ಅದರಲ್ಲಿ ಏನೇನಿದೆ, ಕುಡಿಯಬಹುದೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಮನೆಯಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಪ್ರಯೋಗಾಲಯದ ಹಿಂದಿನ ಬೀದಿಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ ಒಂದು ಕೋಣೆ ಬಾಡಿಗೆಗೆ ಇತ್ತು. ಒಂದು ದಿನ ಕೆಲಸ ಮುಗಿಸಿ ಹೋಗಿ ನೋಡಿದೆ. ಬಿಳಿ ಗೋಡೆ. ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ನಾನು ಒಳಗೆ ಕಾಲಿಟ್ಟಾಗ ಮಾತು ತಗ್ಗಿಸುವವರು ಅಲ್ಲಿ ಯಾರೂ ಇರಲಿಲ್ಲ. ನನಗೆ ಆ ಕೋಣೆ ಬೇಕೆನಿಸಿತು. ಏನಾದರೂ ಬೇಕೆನಿಸದೆ ಬಹಳ ಕಾಲವಾಗಿತ್ತು.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಬಸ್ಸಿನ ಕಾರಣವನ್ನಷ್ಟೇ ಹೇಳಿದೆ. ಅತ್ತೆ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು.

"ಅದಕ್ಕೇನು, ಹೋಗು. ಯಾರು ಬೇಡ ಅಂದ್ರು? ಮರಿ ಬೇರು ಬಿಡ್ಲಿ, ಹೋಗುವೆಯಂತೆ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು," ಅಂದರು ಮಾವ.

"ನೀವು ಸುಮ್ನೆ ಊಟ ಮಾಡಿ."

ಮರುದಿನ ಬೆಳಿಗ್ಗೆ ಅತ್ತೆ ಹಳೆಯ ಪೇಪರು ಹಾಸಿ, ಚಾಕುವನ್ನು ಒಲೆಯ ಉರಿಗೆ ಹಿಡಿದು ಒರೆಸಿ, ತಾಯಿಗಿಡದ ಬುಡ ಕೆದಕಿದರು. ಬುಡದಲ್ಲಿ ಎರಡು ಮರಿಗಳಿದ್ದವು. ದೊಡ್ಡದಕ್ಕೆ ಆಗಲೇ ಬೇರುಗಳಿದ್ದವು, ನನಗೂ ಕಂಡವು. ಅತ್ತೆ ಚಿಕ್ಕದನ್ನು ಕತ್ತರಿಸಿದರು. ಅದಕ್ಕೆ ಒಂದು ಎಳೆಯಷ್ಟೂ ಬೇರಿರಲಿಲ್ಲ.

"ಅತ್ತೆ, ಇನ್ನೊಂದು ದೊಡ್ಡದಿತ್ತಲ್ಲ?"

"ಇದ್ರ ಮುಖ ಲಕ್ಷಣವಾಗಿದೆ," ಅಂದರು ಅತ್ತೆ.

ಕತ್ತರಿಸಿದ ಜಾಗ ಒಣಗದೆ ಮಣ್ಣಿಗಿಟ್ಟರೆ ಕೊಳೆಯುತ್ತದೆ. ಮಾವನ ಮೇಜಿನ ಮೂಲೆಯಲ್ಲಿ, ಬಟ್ಟೆಯ ಚೂರೊಂದರ ಮೇಲೆ ಮರಿ ಕೆಲವು ದಿನ ಮಲಗಿತ್ತು. ಗಿರಾಕಿಗಳ ಬಟ್ಟೆಗೆ ಲೋಳೆ ಹತ್ತುತ್ತದೆಂದು ಮಾವ ಗೊಣಗಿದರು. ಗೊಣಗುತ್ತಲೇ ದಿನಕ್ಕೊಮ್ಮೆ ಅದನ್ನು ಮಗುಚಿಡುತ್ತಿದ್ದರು. ಗಾಯಕ್ಕೆ ಪೊರೆ ಕಟ್ಟಿದ ಮೇಲೆ ಅತ್ತೆ ಮರಳು, ಇಟ್ಟಿಗೆ ಚೂರು, ಸ್ವಲ್ಪ ಹಳೆಮಣ್ಣು ಕಲಸಿ ಒಂದು ಚಿಕ್ಕ ಕುಂಡದಲ್ಲಿ ನೆಟ್ಟರು. ನಾನು ಲೋಟದಲ್ಲಿ ನೀರು ತಂದೆ.

"ಬೇಡ, ತೆಗಿ. ಈಗ್ಲೇ ನೀರು ಕೊಟ್ರೆ ಅದ್ಯಾಕೆ ಬೇರು ಬಿಡತ್ತೆ? ಬಾಯಾರ್ಲಿ. ತಾನೇ ಹುಡ್ಕೊಂಡು ಕೆಳಗೆ ಹೋಗತ್ತೆ."

ಬೇರು ಬಿಟ್ಟಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಗಿಡವನ್ನು ಬುಡದಲ್ಲಿ ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆಯಬೇಕು. ಬೇರು ಹಿಡಿದಿದ್ದರೆ ಬಿಗಿಯಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಬೆರಳಿನ ಜೊತೆಗೇ ಎದ್ದು ಬರುತ್ತದೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು, ಅತ್ತೆ ಅಡುಗೆಮನೆಯಲ್ಲಿ ಇದ್ದಾಗ, ಚಪ್ಪಲಿ ಹಾಕಿಕೊಳ್ಳುವ ನೆವದಲ್ಲಿ ಕಿಟಕಿಯ ಬಳಿ ಹೋಗಿ ಎಳೆದು ನೋಡುತ್ತಿದ್ದೆ. ಪ್ರತಿ ಸಲವೂ ಎದ್ದು ಬರುತ್ತಿತ್ತು. ಮತ್ತೆ ಒಳಗೆ ಒತ್ತಿ, ಮಣ್ಣು ಸಮ ಮಾಡಿ, ಬಸ್ಸಿಗೆ ಓಡುತ್ತಿದ್ದೆ.

ಭಾನುವಾರ ಬಂದರೆ ಅತ್ತೆ ತೀರ್ಪು ಹೇಳುತ್ತಿದ್ದರು. "ಇನ್ನೂ ಇಲ್ಲ." ಮುಂದಿನ ಭಾನುವಾರವೂ ಅದೇ. ಅದರ ಮುಂದಿನ ಭಾನುವಾರವೂ.

ಹಲ್ಲಿನ ಡಾಕ್ಟರು ಫೋನ್ ಮಾಡಿದರು. "ಶಾಲೆ ಟೀಚರೊಬ್ರು ಕೋಣೆ ನೋಡ್ಕೊಂಡು ಹೋಗಿದ್ದಾರೆ. ನೀವು ತಿಂಗಳ ಕೊನೆಯೊಳಗೆ ಹೇಳಿದ್ರೆ ನಿಮಗೆ. ಇಲ್ದಿದ್ರೆ ಅವರಿಗೆ ಕೊಟ್ಬಿಡ್ತೀನಿ. ನಿಮಗೇನು ಅಡ್ಡಿ?"

"ಮನೇಲಿ ಒಂದು ಗಿಡ ಬೇರು ಬಿಡ್ಬೇಕು."

"ಹಲ್ಲಾಗಿದ್ರೆ ಎಕ್ಸ್‌ರೇ ತೆಗೆದು ಬೇರು ನೋಡಿ ಹೇಳ್ತಿದ್ದೆ," ಅಂದರು. "ಗಿಡದ್ದು ನಂಗೊತ್ತಿಲ್ಲಮ್ಮ. ಬೇಗ ಹೇಳಿ."

ತಿಂಗಳು ಮುಗಿಯುತ್ತಾ ಬಂದಿತ್ತು. ಆ ಸೋಮವಾರ ನನಗೆ ರಜೆ. ನಾದಿನಿ ಬಂದಳು. ಅವಳದು ಕೂದಲು ಕತ್ತರಿಸುವ ಅಂಗಡಿ. ಸೋಮವಾರ ಬಾಗಿಲು ಹಾಕುತ್ತಾಳೆ. ಬಂದಾಗಲೆಲ್ಲ ತಾಯಿಗಿಡದಿಂದ ಒಂದು ದಪ್ಪ ಎಲೆ ಕತ್ತರಿಸಿಕೊಳ್ಳುತ್ತಾಳೆ. ಅವಳ ಗಿರಾಕಿಗಳು ತಲೆಗೆ ಹಚ್ಚಿಸಿಕೊಳ್ಳುತ್ತಾರಂತೆ.

"ನಿನ್ನ ಗಿಡ ಏನಾಯ್ತೇ? ಅದ್ರಲ್ಲಿ ಕೊಯ್ಕೊಳಕ್ಕಾಗಲ್ವಾ?" ಅಂದರು ಅತ್ತೆ.

"ನನ್ನ ಗಿಡ ಕೊಯ್ಯಕ್ಕೆ ಮನಸ್ಸು ಬರಲ್ಲಮ್ಮ. ಅಮ್ಮನ ಮನೇದಾದ್ರೆ ಕೈ ತಾನೇ ಮುಂದೆ ಹೋಗತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ ನೋಡು, ಹಾಗೆ." ಅಷ್ಟರಲ್ಲಿ ಅವಳ ಮೊಣಕೈ ಚಿಕ್ಕ ಕುಂಡಕ್ಕೆ ತಾಗಿತು. ಮರಿ ವಾಲಿತು. "ಇದೇನು, ಅಜ್ಜನ ಹಲ್ಲಿನ ಥರ ಅಲ್ಲಾಡ್ತಿದೆ? ಇದೇನಾ ಅತ್ತಿಗೇದು?"

"ಇನ್ನೂ ಬೇರು ಬಿಟ್ಟಿಲ್ಲ," ಅಂದರು ಅತ್ತೆ.

ನಾದಿನಿ ಅದನ್ನು ಹೊರಗೆತ್ತಿ ಬುಡವನ್ನು ಬೆಳಕಿಗೆ ಹಿಡಿದಳು. ನಾವೆಲ್ಲ ಬಗ್ಗಿ ನೋಡಿದೆವು. ಬುಡದ ಸುತ್ತ ಹಳದಿ ಬಣ್ಣದ ಸಣ್ಣ ಸಣ್ಣ ಮೊನೆಗಳಿದ್ದವು. ಅವುಗಳಲ್ಲಿ ಒಂದಕ್ಕೂ ತುದಿ ಇರಲಿಲ್ಲ.

"ಬೇರು ಬಂದಿದೆ ಕಣಮ್ಮ. ಬಂದ ಬಂದ ಹಾಗೆ ಮುರಿದು ಹೋಗಿದೆ. ಯಾರೋ ದಿನಾ ಎಳೀತಿದ್ದಾರೆ. ಯಾರದು?"

ಅತ್ತೆ ಕಿಟಕಿಯಾಚೆ ನೋಡಿದರು. "ನಾನು ಸಾಯಂಕಾಲ ಒಂದ್ಸಲ ನೋಡ್ತೀನಪ್ಪ. ಮೆಲ್ಲಗೆ."

"ನಾನು ಬೆಳಿಗ್ಗೆ," ಅಂದೆ.

ಹೊಲಿಗೆ ಮಿಷನ್ ನಿಂತಿತು. ಮಾವ ಅದನ್ನು ನಿಲ್ಲಿಸುವುದು ನೂಲು ಮುಗಿದಾಗ, ಇಲ್ಲವೇ ಏನಾದರೂ ಹೇಳಬೇಕಾದಾಗ.

"ನಾನು ಊಟ ಆದ್ಮೇಲೆ," ಅಂದರು.

"ಅಪ್ಪಾ! ನೀವ್ಯಾಕೆ?"

"ನಿಮ್ಮಮ್ಮ ಮಲಗೋವಾಗ ಕೇಳ್ತಾಳಲ್ಲ, ಬೇರು ಬಿಟ್ಟಿರತ್ತಾ ಅಂತ. ಏನಾದ್ರೂ ಉತ್ತರ ಹೇಳ್ಬೇಕಲ್ಲ."

"ಬಿಟ್ಟಿರ್ಲಿ ಅಂತ ಕೇಳ್ತಾಳಾ, ಬಿಡದೇ ಇರ್ಲಿ ಅಂತ ಕೇಳ್ತಾಳಾ?"

"ಅದು ಅವಳಿಗೇ ಗೊತ್ತಿಲ್ಲ."

ನಾದಿನಿ ಗೋಡೆಗೆ ಒರಗಿ ನಕ್ಕಳು. "ದಿನಕ್ಕೆ ಮೂರು ಹೊತ್ತು! ಮಾತ್ರೆ ನುಂಗಿದ ಹಾಗೆ! ತಿಂಡಿ ಆದ್ಮೇಲೆ ಒಂದು, ಊಟ ಆದ್ಮೇಲೆ ಒಂದು. ಪಾಪ, ಇದು ಇನ್ನೂ ಉಸಿರಿಟ್ಕೊಂಡಿದ್ಯಲ್ಲ, ಅದೇ ದೊಡ್ಡದು." ಅತ್ತೆಗೂ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಕೈ ತೆಗೆದಾಗ ನಗು ಇರಲಿಲ್ಲ.

"ಇವಳ ಮದುವೇಲಿ ಒಂದು ದಿನಾನೂ ಮುಟ್ಟಿದ್ದಿಲ್ಲ ನಾನು," ಅಂದರು. "ಈ ಸಲ ಕೈ ಸುಮ್ನಿರ್ಲಿಲ್ಲ."

ನಾನು ಹೇಳಬೇಕಾದ್ದನ್ನು ಆಗಲೇ ಹೇಳಿದೆ. "ಅತ್ತೆ, ನಾನು ಇದನ್ನ ಬೇರಿಲ್ಲದೇನೇ ತಗೊಂಡು ಹೋಗ್ತೀನಿ. ಅಲ್ಲೇ ಬಿಡ್ಲಿ."

"ಬೇರಿಲ್ಲದ್ದನ್ನ ಕೊಟ್ಟು ಕಳ್ಸಿದ್ರೆ ಜನ ಏನಂತಾರೆ?"

"ಯಾವ ಜನಾಮ್ಮ?" ಅಂದಳು ನಾದಿನಿ. "ಈ ಪದ್ಧತಿ ಗೊತ್ತಿರೋದು ಲೋಕದಲ್ಲಿ ಐದೇ ಜನಕ್ಕೆ. ನಾಲ್ಕು ಜನ ಇಲ್ಲೇ ನಿಂತಿದ್ದೀವಿ."

ಅತ್ತೆ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ಅಲ್ಲಿ ಒಣಗಿ ಹೋದ್ರೆ?"

"ಇನ್ನೊಂದು ಕೇಳ್ತೀನಿ."

"ಇನ್ನೊಂದು ಕೊಡಲ್ಲ."

"ಹಾಗಾದ್ರೆ ಒಣಗಕ್ಕೆ ಬಿಡಲ್ಲ."

ಮಾವ ಸೂಜಿಗೆ ನೂಲು ಪೋಣಿಸಲು ಹೋಗಿ ತಪ್ಪಿ, ಮತ್ತೆ ಪೋಣಿಸಿದರು. ಅತ್ತೆ ಮರಿಯ ಬುಡಕ್ಕೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದರು.

"ಅಲ್ಲಿ ಕಿಟಕಿ ಯಾವ ದಿಕ್ಕಿಗಿದೆ?" ಅಂದರು.

ಆ ವಾರವೇ ಅತ್ತೆ, ಮಾವ, ನಾನು ಮೂವರೂ ಹೋದೆವು. ಎರಡೂ ಬಸ್ಸಿನಲ್ಲಿ ಅತ್ತೆ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತವರು ಇದೇನೆಂದು ಕೇಳಿದರೆ, "ಸಾಲ ಕೊಡ್ತಿದ್ದೀನಿ," ಅನ್ನುತ್ತಿದ್ದರು. ಸಾಲವೆಂದರೆ ಬೇರಿಲ್ಲದ್ದನ್ನು ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲವಂತೆ. ಕೋಣೆಗೆ ಬಂದು ಅವರು ಮಂಚವನ್ನೂ ನೋಡಲಿಲ್ಲ, ಒಲೆಯನ್ನೂ ನೋಡಲಿಲ್ಲ. ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಂತರು.

"ಮಧ್ಯಾಹ್ನ ಸುಡತ್ತೆ ಇದು. ತೆಳ್ಳಗೆ ಒಂದು ಪರದೆ ಬೇಕು."

ಮಾವ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಕಿಟಕಿಯ ಅಳತೆ ತೆಗೆದುಕೊಂಡರು. ಅವರು ಮನೆಯಿಂದ ಹೊರಡುವಾಗಲೇ ಟೇಪು ಹಾಕಿಕೊಂಡು ಬಂದಿದ್ದರು. ಅತ್ತೆ ಕುಂಡವನ್ನು ಕಿಟಕಿಯಿಂದ ಒಂದು ಮೊಳ ಒಳಗೆ, ಒಂದು ಸ್ಟೂಲಿನ ಮೇಲೆ ಇಟ್ಟರು.

"ಇನ್ನು ಯಾರೂ ಮುಟ್ಟಬಾರದು."

"ಇಲ್ಲಿ ನಾನೊಬ್ಳೇ ಅಲ್ವಾ ಅತ್ತೆ?"

"ಅದಕ್ಕೇ ಹೇಳಿದ್ದು."

ಹಾಗೆ ಆ ಕೋಣೆಯಲ್ಲಿ ಇರತೊಡಗಿದೆ. ಬೆಳಿಗ್ಗೆ ನಡೆದು ಕೆಲಸಕ್ಕೆ ಹೋಗುತ್ತಿದ್ದೆ. ಹಸಿವಾದಾಗ ಬೇಯಿಸಿಕೊಳ್ಳುತ್ತಿದ್ದೆ. ಕೆಳಗಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಯಾರಿಗೋ "ಆ ಅನ್ನಿ, ಇನ್ನೂ ದೊಡ್ಡದಾಗಿ ಅನ್ನಿ," ಅನ್ನುವುದು ಕೇಳಿಸುತ್ತಿತ್ತು. ಕೆಲವು ಸಂಜೆ ನೆಲದ ಮೇಲೆ ಗೋಡೆಗೆ ಒರಗಿ ಕೂತು, ಏನೂ ಮಾಡುತ್ತಿರಲಿಲ್ಲ. ಯಾಕೆ ಹೀಗೆ ಕೂತಿದ್ದೀಯ ಎಂದು ಕೇಳುವವರಿರಲಿಲ್ಲ. ನಿದ್ದೆ ಬರುತ್ತಿತ್ತು.

ಗಿಡವನ್ನು ಮುಟ್ಟಲಿಲ್ಲ. ಬೆರಳುಗಳು ಅತ್ತ ಹೋಗುತ್ತಿದ್ದವು. ಆಗೆಲ್ಲ ಎದ್ದು ಪಾತ್ರೆ ತೊಳೆಯುತ್ತಿದ್ದೆ. ಆ ದಿನಗಳಲ್ಲಿ ನನ್ನ ಪಾತ್ರೆಗಳು ಬಹಳ ಚೊಕ್ಕಟವಾಗಿದ್ದವು. ಕೆಳಗಿನ ಎಲೆಯೊಂದು ತೆಳ್ಳಗಾಗಿ, ಕಂದು ಬಣ್ಣಕ್ಕೆ ತಿರುಗಿ, ಸುರುಟಿಕೊಂಡಿತು. ಅತ್ತೆ ಫೋನಿನಲ್ಲಿ ಕೇಳಿದಾಗ ಮುಚ್ಚಿಡದೆ ಹೇಳಿದೆ.

"ಒಣಗ್ಲಿ ಬಿಡು. ಅದನ್ನೇ ತಿಂದ್ಕೊಂಡು ಬೇರು ಬಿಡತ್ತೆ. ನೀರು ಹಾಕಿದ್ಯಾ?"

"ಸ್ವಲ್ಪ. ಕಡ್ಡಿ ಚುಚ್ಚಿ ನೋಡಿ, ಒಣಗಿದ್ಮೇಲೆ ಹಾಕ್ದೆ."

"ಮತ್ತೆ ನೀನು ಊಟ ಮಾಡಿದ್ಯಾ?"

"ಮಾಡ್ದೆ."

"ಏನು ಮಾಡ್ಕೊಂಡಿದ್ದೆ?" ಎಂದು ಶುರುವಾದದ್ದು ಬೇಗ ಮುಗಿಯುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದಾಗ ನಾವು ಇಷ್ಟು ಮಾತಾಡಿದ್ದಿಲ್ಲ.

ಮಾವ ಹೊಲಿದ ಪರದೆಯನ್ನು ಬಗಲಲ್ಲಿ ಇಟ್ಟುಕೊಂಡು ಅತ್ತೆ ಒಂದು ಭಾನುವಾರ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೂ ಕೂರಲಿಲ್ಲ. ಪರದೆಯನ್ನು ನನ್ನ ಕೈಗೆ ತುರುಕಿ ಸೀದಾ ಸ್ಟೂಲಿನ ಬಳಿ ಹೋದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಎಲೆಗಳ ನಡುವೆ ಹೊಸ ಸುಳಿಯೊಂದು ಎದ್ದಿತ್ತು. ಉಗುರಿನಷ್ಟು. ತಿಳಿಹಸಿರು. ನಾನು ವಾರದಿಂದ ಅದನ್ನು ನೋಡುತ್ತಿದ್ದೆ, ಫೋನಿನಲ್ಲಿ ಹೇಳಿರಲಿಲ್ಲ.

"ಬಿಟ್ಟಿದೆ," ಅಂದರು ಅತ್ತೆ.

"ಎಳೆದು ನೋಡ್ಬೇಡ್ವಾ?"

"ಯಾಕೆ ಎಳೀಬೇಕು? ಸುಳಿ ಕಾಣಲ್ವಾ ಕಣ್ಣಿಗೆ? ಬೇರಿಲ್ದೆ ಸುಳಿ ಬರತ್ತಾ? ಇಷ್ಟೆಲ್ಲ ಓದಿದ್ದೀಯ, ಇಷ್ಟೂ ಗೊತ್ತಾಗಲ್ವೇನೇ?" ಹುಟ್ಟಿದಾಗಿನಿಂದ ಒಂದು ಗಿಡವನ್ನೂ ಎಳೆದಿರದವರ ಹಾಗೆ ಹೇಳಿದರು.

ಆಮೇಲೆ ಕುಂಡವನ್ನು ಸ್ಟೂಲಿನಿಂದ ಎತ್ತಿ, ಅದರ ಹೊರಮೈಗೆ ಅಂಟಿದ್ದ ಧೂಳನ್ನು ತಮ್ಮ ಬಟ್ಟೆಗೇ ಒರೆಸಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದರು.

"ತಗೋ. ಈಗ ಕೊಟ್ಟೆ."

ತೆಗೆದುಕೊಂಡೆ. ಅವರು ಇನ್ನೂ ಒಂದು ಕ್ಷಣ ಕುಂಡವನ್ನು ಹಿಡಿದೇ ಇದ್ದರು. ಆಮೇಲೆ ಬಿಟ್ಟರು.

"ಬಸ್ಸಲ್ಲಿ ಕೂರಕ್ಕೆ ಜಾಗಾನೇ ಸಿಗ್ಲಿಲ್ಲ. ಸ್ವಲ್ಪ ಹೊತ್ತು ಮಲಗ್ತೀನಿ ನಿನ್ನ ಮನೇಲಿ," ಅಂದು, ಚಪ್ಪಲಿ ಬಿಟ್ಟು, ನನ್ನ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ದಿಂಬು ಗಟ್ಟಿ ಇದೆ ಎಂದರು. ಅದರ ಹಿಂದೆಯೇ ಗೊರಕೆ ಶುರುವಾಯಿತು.

ನಾನು ಪರದೆ ಕಟ್ಟಿದೆ. ಅಳತೆ ಸರಿಯಾಗಿತ್ತು. ಒಲೆ ಹಚ್ಚಿ ಇಬ್ಬರಿಗಾಗುವಷ್ಟು ನೀರಿಟ್ಟೆ.