ಹತ್ತು ಕನ್ಯೆಯರು, ಒಂದು ಸಿಲಿಂಡರು

ಪುಣೆಯ ಬಿಬವೇವಾಡಿಯ ಆ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಎದುರುಬದುರಾಗಿ ಎರಡು ಕನ್ನಡ ಮನೆಗಳಿದ್ದವು. ಒಂದರಲ್ಲಿ ಬೆಟಗೇರಿಯ ಕ್ರೈಸ್ತ ಮನೆತನದ ಪ್ರೇಮಾವತಿ ಮತ್ತು ಅವರ ಗಂಡ ಜಯಾನಂದ. ಇನ್ನೊಂದರಲ್ಲಿ ಧಾರವಾಡದ ನರ್ಮದಾಬಾಯಿ ಮತ್ತು ಮಗಳು ಪ್ರಾಚಿ. ನರ್ಮದಾಬಾಯಿಯ ಗಂಡ ಬಾಳಕೃಷ್ಣರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನರ್ಮದಾಬಾಯಿ ಬ್ಯಾಂಕಿನ ಕೆಲಸ ಮಾಡಿಕೊಂಡು ಮಗಳನ್ನು ಓದಿಸಿ ದಡ ಮುಟ್ಟಿಸಿದ್ದರು. ಎರಡೂ ಮನೆಗಳ ನಡುವೆ ಮೊಸರಿನ ಹೆಪ್ಪು, ಶೇಂಗಾ ಚಟ್ನಿ, ಕ್ರಿಸ್‌ಮಸ್ಸಿನ ಕರ್ಚಿಕಾಯಿ ಓಡಾಡುತ್ತಿದ್ದವು.

ಪ್ರೇಮಾವತಿ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರದ ಒಂದು ಭಾನುವಾರ ಕನ್ನಡ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು, ಸ್ವಾಮಿಯು ದೀಪ, ಉಪ್ಪು, ಹುಳಿಹಿಟ್ಟುಗಳಿಂದಲೇ ಪಾಠ ಹೇಳಿದನು, ನಾವೂ ನಮ್ಮ ಸುತ್ತಮುತ್ತ ಕಣ್ಣು ತೆರೆದು ನೋಡಬೇಕು ಎಂದು ಪ್ರಸಂಗ ಮಾಡಿದರು. ಉಳಿದವರೆಲ್ಲ ಮನೆಗೆ ಹೋಗಿ ಊಟ ಮಾಡಿ ಮಲಗಿದರು. ಪ್ರೇಮಾವತಿ ಮಾತ್ರ ಸುತ್ತಮುತ್ತ ನೋಡತೊಡಗಿದರು.

ಮರುದಿನದಿಂದಲೇ ಸಭೆಯ ವಾಟ್ಸಾಪ್ ಗುಂಪಿಗೆ ಪ್ರತಿ ಬೆಳಿಗ್ಗೆ ಅವರ ಧ್ವನಿಯಲ್ಲಿ ಒಂದು ಪಾಠ ಬರತೊಡಗಿತು. ಜನ ಹೆಚ್ಚಾದಾಗ ಕೂಗಿಕೊಳ್ಳುವ ಲಿಫ್ಟಿನಿಂದ ಪಾಪದ ಭಾರ ಎಂಥದೆಂದು ತಿಳಿಯಿತು. ಸ್ವಾರಗೇಟಿನ ಸಿಗ್ನಲ್ಲಿನ ಹಳದಿ ದೀಪ, ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ವಿಶ್ವಾಸಿಯಾಯಿತು. ಮುಚ್ಚಳ ಒತ್ತಿ ಹಿಡಿಯದ ಮಿಕ್ಸರು ನಾಲಿಗೆಯನ್ನು ಹಿಡಿತದಲ್ಲಿಡದವರ ಗತಿಯನ್ನು ಗೋಡೆಯ ಮೇಲೆಲ್ಲ ಬರೆದು ತೋರಿಸಿತು. ಜಯಾನಂದರು ಹಣೆಯ ಮೇಲೆ ಚಾಳೀಸು ಏರಿಸಿಕೊಂಡು ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದ ಮರುದಿನ, ಸಭೆಯ ಹಿರಿಯರು ಫೋನು ಮಾಡಿ ಆತ್ಮಿಕ ಕುರುಡುತನ ಈಗ ಹೇಗಿದೆ ಎಂದು ವಿಚಾರಿಸಿದರು. ಅಂದಿನಿಂದ ಅವರು ಮನೆಯಲ್ಲಿ ಯಾವ ಪಾಠಕ್ಕೂ ಸಿಗದಂತೆ ಓಡಾಡುವುದನ್ನು ಕಲಿತರು. ಚಮಚೆ ಬಿದ್ದರೆ ಸದ್ದಿಲ್ಲದೆ ಎತ್ತಿಡುತ್ತಿದ್ದರು.

ಒಂದು ಬುಧವಾರ ಸಂಜೆ ನರ್ಮದಾಬಾಯಿ ಬಾಗಿಲು ತಟ್ಟಿದರು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು.

"ಪ್ರೇಮಾವತಿಯವರ, ನಮ್ಮ ಸಿಲಿಂಡರ ಮುಗೀತ್ರಿ. ನಾಳೆ ಪ್ರಾಚೀನ್ನ ನೋಡ್ಲಿಕ್ಕೆ ಖರಾಡಿಯಿಂದ ಗಂಡಿನವರು ಬರೋರಿದ್ದಾರ. ಬುಕ್ ಮಾಡೇನಿ, ಆದ್ರ ಶನಿವಾರ ಬರ್ತದಂತ. ನಿಮ್ಮ ಕಡೆ ಇನ್ನೊಂದು ಅದಲ್ಲ, ಕೊಡ್ತೀರೇನು? ನಮ್ದು ಬಂದ ಕೂಡಲೆ ತಂದಿಡ್ತೇನಿ."

ಇನ್ನೊಂದು ಇತ್ತು. ಬಾಲ್ಕನಿಯ ಮೂಲೆಯಲ್ಲಿ, ಸೀಲು ಕೂಡ ಬಿಚ್ಚದೆ, ಮೇಲೊಂದು ಕಸೂತಿ ಹಾಕಿದ ಬಟ್ಟೆ ಹೊದ್ದು ನಿಂತಿತ್ತು.

"ಐತ್ರಿ, ಇಲ್ಲ ಅನ್ನಂಗಿಲ್ಲ," ಎಂದರು ಪ್ರೇಮಾವತಿ. "ಆದ್ರ ಶನಿವಾರ ನಮ್ಮನ್ಯಾಗ ಪ್ರಾರ್ಥನಾ ಕೂಟ ಐತಿ. ಅಷ್ಟೂ ಮಂದಿಗೆ ಊಟ. ನಡುವ ನಮ್ದ ಮುಗದ್ರ ನಾ ಏನ್ ಮಾಡ್ಲಿ? ನೀವು ಸದಾನಂದರ ಹೋಟೆಲ್ಲಿಂದ ತರಸಿಬಿಡ್ರಿ. ಈಗ ಎಲ್ಲಾರೂ ಹಂಗ ಮಾಡ್ತಾರ."

ನರ್ಮದಾಬಾಯಿ ಹೌದ್ರಿ ಎಂದು ಹೇಳಿ, ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ಹೋದರು. ಪ್ರೇಮಾವತಿ ಬಾಗಿಲು ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ಅವರ ಮುಖ ಬೆಳಗಿತ್ತು. ಆ ಬೆಳಕಿನ ಅರ್ಥ ಬಲ್ಲ ಜಯಾನಂದರು ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಶುಕ್ರವಾರದ ಪಾಠ ಹತ್ತು ಮಂದಿ ಕನ್ಯೆಯರದು. ಮದುವೆಗೆ ದೀಪ ಹಿಡಿದು ಹೊರಟವರಲ್ಲಿ ಐವರು ಬುದ್ಧಿವಂತೆಯರು ಎಣ್ಣೆ ಇಟ್ಟುಕೊಂಡಿದ್ದರು, ಐವರು ಬುದ್ಧಿಯಿಲ್ಲದವರು ಇಟ್ಟುಕೊಂಡಿರಲಿಲ್ಲ. ಅವರು ಎಣ್ಣೆ ಕೊಳ್ಳಲು ಹೋದಾಗ ಮದಲಿಂಗ ಬಂದ, ಬಾಗಿಲು ಮುಚ್ಚಿತು. ಇಷ್ಟನ್ನು ಹೇಳಿ ಪ್ರೇಮಾವತಿ ದನಿ ತಗ್ಗಿಸಿದರು. "ಮೊನ್ನೆ ನಮ್ಮ ಎದುರು ಮನಿ ಅಕ್ಕಾರು ಬಂದು ನಿಂತಿದ್ರು. ಮಗಳನ್ನ ನೋಡಾಕ ಗಂಡಿನವರು ಬರ್ತಾರ, ಮನ್ಯಾಗ ಗ್ಯಾಸ್ ಇಲ್ಲ. ಪ್ರಿಯರೆ, ನಮ್ಮ ಸಿಲಿಂಡರ ತುಂಬೈತೇನು?"

ಬಹಳ ಜನ ಕೈ ಮುಗಿದ ಚಿತ್ರ ಹಾಕಿದರು. ಹಿರಿಯರೊಬ್ಬರ ಹೆಂಡತಿಗೆ ಪಾಠ ಎಷ್ಟು ಹಿಡಿಸಿತೆಂದರೆ, ಅವರು ಅದನ್ನು ಊರಿನ ಕನ್ನಡ ಹೆಂಗಸರ ಇನ್ನೊಂದು ಗುಂಪಿಗೂ ಕಳಿಸಿದರು. ಆ ಗುಂಪಿನಲ್ಲಿ ನರ್ಮದಾಬಾಯಿ ಇದ್ದರು.

ಅಂದು ಸಂಜೆ ಬ್ಯಾಂಕಿನಿಂದ ಬಂದ ನರ್ಮದಾಬಾಯಿ ಚಪ್ಪಲಿ ಬಿಟ್ಟು ನೇರವಾಗಿ ಎದುರು ಮನೆಗೇ ಬಂದು ಕುಳಿತರು. ಪ್ರೇಮಾವತಿ ನೀರು ತಂದಿಟ್ಟರು.

"ಕೇಳಿದೆ," ಎಂದರು ನರ್ಮದಾಬಾಯಿ. "ಧ್ವನಿ ಭಾಳ ಸ್ಪಷ್ಟ ಬಂದದ. ಒಂದು ಸಂಶಯ ಕೇಳಲೇನು?"

"ಕೇಳ್ರಿ," ಎಂದರು ಪ್ರೇಮಾವತಿ.

"ಆ ಐದು ಮಂದಿ ಎಣ್ಣಿ ಕೇಳಿದ್ರಲ್ಲ, ಶಾಣ್ಯಾರು ಏನಂದ್ರು?"

"ನಮಗ ಸಾಲಂಗಿಲ್ಲ, ಅಂಗಡಿಗೆ ಹೋಗಿ ತಗೋರ್ರಿ ಅಂದ್ರು."

"ನೀವೂ ಅದನ್ನ ಅಂದ್ರಿ. ಅಲ್ಲಿತನಕಾ ಕಥಿ ಬರೋಬ್ಬರಿ ಅದ." ನರ್ಮದಾಬಾಯಿ ನೀರು ಕುಡಿದರು. "ಬಾಗಲಾ ಮಾತ್ರ ಯಾರೂ ಹಾಕ್ಲಿಲ್ಲರಿ. ನಿನ್ನೆ ಹೋಟೆಲ್ ಊಟಾನ ಬಡಿಸಿದ್ವಿ. ಭಾಳ ರುಚಿ ಅದ ಅಂದ್ರು. ಹುಡುಗ ಅಮೇಯಗ ಪ್ರಾಚಿ ಒಪ್ಪಿಗಿ. ಲಗ್ನ ಗಟ್ಟಿ ಆತು."

ಅವರು ಲೋಟವನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಪ್ರೇಮಾವತಿಗೆ ಅಭಿನಂದನೆ ಹೇಳಬೇಕೆಂದು ಹೊಳೆಯುವಷ್ಟರಲ್ಲಿ ಎದುರಿನ ಬಾಗಿಲು ಮುಚ್ಚಿತ್ತು.

"ನಾ ಹೆಸರೇನ್ ಹೇಳಿದ್ದಿಲ್ಲ," ಎಂದರು ಗಂಡನಿಗೆ.

"ಇಲ್ಲ," ಎಂದರು ಜಯಾನಂದ. "ಎದುರು ಮನಿ ಅಂದಿ. ನಮಗ ಎದುರಿಗಿರೂದು ಒಂದ ಮನಿ."

ಶನಿವಾರ ಪ್ರಾರ್ಥನಾ ಕೂಟ ನಡೆಯಿತು. ಜನ ಹಾಡಿದರು, ಉಂಡರು, ಶುಕ್ರವಾರದ ಪಾಠವನ್ನು ಹೊಗಳಿದರು. ಹಚ್ಚಿದ್ದ ಹಳೆಯ ಸಿಲಿಂಡರು ಮುಗಿಯಲೇ ಇಲ್ಲ. ಪಾಯಸ ಕಾಯಿಸಿ, ಎರಡು ಸಲ ಚಹಾ ಮಾಡಿದ ಮೇಲೂ ನೀಲಿ ಉರಿ ನೆಟ್ಟಗೆ ಉರಿಯುತ್ತಿತ್ತು. ಬಂದವರು ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಪ್ರೇಮಾವತಿ ಬಾಲ್ಕನಿಗೆ ಹೋಗಿ ತುಂಬಿದ ಸಿಲಿಂಡರನ್ನು ನೋಡಿದರು. ಈ ಸಲ ಯಾವ ಪಾಠವೂ ಹೊಳೆಯಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಬಂದವರೇ ಅವರು ಆ ಕಸೂತಿಯ ಬಟ್ಟೆ ತೆಗೆದರು. ಜಯಾನಂದರು ಒಂದು ಕಡೆ, ಅವರು ಒಂದು ಕಡೆ ಹಿಡಿದು, ಸಿಲಿಂಡರನ್ನು ಅಂಚಿನ ಮೇಲೆ ಹೊರಳಿಸುತ್ತ, ಇಡೀ ಮಹಡಿಗೆ ಕೇಳುವಂತೆ ಸದ್ದು ಮಾಡಿಕೊಂಡು ಎದುರು ಬಾಗಿಲಿಗೆ ತಂದು ನಿಲ್ಲಿಸಿದರು. ನರ್ಮದಾಬಾಯಿ ಬಾಗಿಲು ತೆಗೆದು ಸಿಲಿಂಡರನ್ನು ನೋಡಿದರು.

"ನಮ್ದು ನಿನ್ನೆ ಬಂತಲ್ಲರಿ," ಎಂದರು.

"ಗೊತ್ತೈತ್ರಿ," ಎಂದರು ಪ್ರೇಮಾವತಿ. ಏದುಸಿರು ಬರುತ್ತಿತ್ತು. "ಬುಧವಾರ ಕೊಡಬೇಕಿತ್ತು. ಕೊಡ್ಲಿಲ್ಲ. ಕೊಡದ್ದು ಸಾಲದಂತ ಊರಿಗೆಲ್ಲಾ ಸಾರಿದೆ. ತಪ್ಪಾತ್ರಿ."

ಜಯಾನಂದರು ಸೊಂಟ ಹಿಡಿದುಕೊಂಡು, ಮುಂದೆ ತಳ್ಳಬೇಕೋ ಹಿಂದೆ ತಳ್ಳಬೇಕೋ ಎಂಬ ಅಪ್ಪಣೆಗೆ ಕಾಯುತ್ತಿದ್ದರು.

"ಅದನ್ನ ಹೊರಗ ಬಿಡ್ರಿ. ನೀವು ಒಳಗ ಬರ್ರಿ," ಎಂದರು ನರ್ಮದಾಬಾಯಿ ಕೊನೆಗೆ.

ಚಹಾ ಕುಡಿಯುವಾಗ ನರ್ಮದಾಬಾಯಿ ತಾವೂ ಒಂದು ಮಾತು ಹೊರಗಿಟ್ಟರು. ಮುಹೂರ್ತದ ಸೀರೆ ಕೊಳ್ಳಬೇಕಿತ್ತು. ಧಾರವಾಡದ ನಾದಿನಿ ಫೋನು ಮಾಡಿ, ಆ ಸೀರೆಯನ್ನು ಮೊದಲು ಮುತ್ತೈದೆಯ ಕೈಯಿಂದ ಎತ್ತಿಸಬೇಕು, ನೀನು ಮುಟ್ಟಬೇಡ ಎಂದಿದ್ದಳು.

"ಇಲ್ಲೆ ಪುಣೆದಾಗ ನನಗ ಯಾರಿದ್ದಾರ್ರಿ? ನೀವು ಬರ್ತೀರೇನು?"

ಪ್ರೇಮಾವತಿ ಗಂಡನ ಮುಖ ನೋಡಿದರು. "ನಾವು ಕ್ರಿಸ್ತಾರರಿ ನರ್ಮದಾಬಾಯಿ. ನಡೀತೈತೇನು?"

"ಗಂಡ ಇದ್ದಾಕಿ ಬೇಕು ಅಂದಾಳ. ಆ ಗಂಡ ಯಾವ ದೇವರಿಗೆ ನಡಕೋತಾನ ಅಂತ ಅಕಿ ಕೇಳಿಲ್ಲ."

ಜಯಾನಂದರು ತಾವು ಇದ್ದೇವೆ ಎಂಬುದನ್ನು ತೋರಿಸಲು ಇನ್ನೊಂದು ಬಿಸ್ಕೀಟು ತೆಗೆದುಕೊಂಡರು.

"ಒಂದ ಮಾತು," ಎಂದು ನರ್ಮದಾಬಾಯಿ ಸೇರಿಸಿದರು. "ಅಂಗಡ್ಯಾಗ ಪಾಠ ಹೇಳಬಾರದು."

ಮುಂದಿನ ವಾರ ಇಬ್ಬರೂ ರಿಕ್ಷಾ ಹಿಡಿದು ಲಕ್ಷ್ಮೀ ರಸ್ತೆಗೆ ಹೋದರು. ಆಫೀಸಿನಿಂದ ನೇರವಾಗಿ ಬರುತ್ತೇನೆಂದಿದ್ದ ಪ್ರಾಚಿ, ಮೀಟಿಂಗು ಇದೆ, ಫೋಟೋ ಕಳಿಸಿ ಎಂದಳು. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಬಿಳಿ ಗಾದಿಯ ಮೇಲೆ ಕುಳಿತ ಕ್ಷಣದಿಂದ ಪ್ರೇಮಾವತಿಯ ಕಷ್ಟಗಳು ಶುರುವಾದವು.

ಸೀರೆ ತೋರಿಸುತ್ತಿದ್ದ ಹೆಂಗಸು ಮೊದಲು ಒಂದು ಪೈಠಣಿಯ ಸೆರಗು ಹರಡಿ, ಮುಂಬದಿಯಷ್ಟೇ ಚೊಕ್ಕಟವಾಗಿದ್ದ ಅದರ ಹಿಂಬದಿ ಮಗುಚಿ ತೋರಿಸಿದಳು. ಆ ಹಿಂಬದಿಯೊಂದರಲ್ಲೇ ಮೂರು ಬೆಳಗಿನ ಪಾಠವಿತ್ತು. ಪ್ರೇಮಾವತಿ ತುಟಿ ಬಿಗಿಹಿಡಿದರು. ಬಿಚ್ಚಿದ ಸೀರೆಗಳು ಗುಡ್ಡದಂತೆ ಬಿದ್ದವು. ಕರೆಯಲ್ಪಟ್ಟವರು ಬಹಳ, ಆರಿಸಲ್ಪಟ್ಟದ್ದು ಒಂದೂ ಇಲ್ಲ. ಅವರಿಗೆ ಕೆಮ್ಮು ಬಂತು. ನರ್ಮದಾಬಾಯಿ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟರು. ಪಕ್ಕದ ಗಾದಿಯಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಸೀರೆಯ ಎರಡು ತುದಿ ಹಿಡಿದು ಜಗ್ಗತೊಡಗಿದಾಗ ಪ್ರೇಮಾವತಿ ಕಣ್ಣು ಮುಚ್ಚಿಕೊಂಡು, ಸ್ವಾಮಿ, ನನ್ನನ್ನು ಕಾಪಾಡು ಎಂದು ಬೇಡಿಕೊಂಡರು.

ಕೊನೆಗೆ ದಾಳಿಂಬೆ ಬಣ್ಣದ್ದೊಂದು ಬಂತು. ನರ್ಮದಾಬಾಯಿ ಅದನ್ನು ನೋಡಿ ಮಾತು ನಿಲ್ಲಿಸಿದರು. ಫೋಟೋ ಹೋಯಿತು, ಪ್ರಾಚಿಯಿಂದ ಹೂಂ ಬಂತು. ಇದು ಮುಹೂರ್ತದ್ದೆಂದು ತಿಳಿದ ಅಂಗಡಿಯ ಹೆಂಗಸು ಸೀರೆಯನ್ನು ಮಡಿಸಿ ಒಂದು ತಟ್ಟೆಯಲ್ಲಿಟ್ಟು, ಎದುರಿಗಿದ್ದ ಇಬ್ಬರ ಮುಖಗಳನ್ನು ನೋಡಿದಳು.

ಪ್ರೇಮಾವತಿಯ ಹಣೆ ಬೋಳಾಗಿತ್ತು. ಬೆಟಗೇರಿಯ ಅವರ ಮನೆತನದಲ್ಲಿ ಮುತ್ತಜ್ಜಿಯ ಕಾಲದಿಂದಲೂ ಯಾರೂ ಕುಂಕುಮ ಇಟ್ಟವರಲ್ಲ. ನರ್ಮದಾಬಾಯಿಯ ಹಣೆಯ ಮೇಲೆ ಸಣ್ಣದೊಂದು ಟಿಕಳಿ ಇತ್ತು. ಬಾಳಕೃಷ್ಣರು ಹೋದ ಮೇಲೆ ಮತ್ತೆ ಬ್ಯಾಂಕಿಗೆ ಹೊರಟ ಮೊದಲ ದಿನ, ಪ್ರಾಚಿಯೇ ಅದನ್ನು ಅಂಟಿಸಿ ಕಳಿಸಿದ್ದಳು. ಅಂಗಡಿಯವಳು ತಟ್ಟೆಯನ್ನು ನರ್ಮದಾಬಾಯಿಯ ಮುಂದೆ ಹಿಡಿದಳು.

"ಪಹಿಲಾ ಹಾತ ಸವಾಷ್ಣೀಚಾ. ತಾಈ, ತುಮ್ಹೀಚ ಉಚಲಾ," ಎಂದಳು. ಮೊದಲ ಕೈ ಮುತ್ತೈದೆಯದು, ನೀವೇ ಎತ್ತಿ.

ನರ್ಮದಾಬಾಯಿಯ ಕೈಗಳು ತೊಡೆಯ ಮೇಲೆ ಕಲ್ಲಾದವು. ಅವರು ಪ್ರೇಮಾವತಿಯ ಕಡೆ ನೋಡಿದರು. ಬ್ಯಾಂಕಿನಲ್ಲಿ ಎಂಥ ಗಲಾಟೆಯ ಗಿರಾಕಿ ಬಂದರೂ ಅಲುಗದ ಆ ಮುಖ ಗದ್ದದ ಹತ್ತಿರ ನಡುಗುತ್ತಿತ್ತು.

ಪ್ರೇಮಾವತಿಗೆ ವಿಧವೆಯರ ಕಥೆಗಳು ಒಂದರ ಹಿಂದೊಂದು ನಾಲಿಗೆಗೆ ಬಂದವು. ಮಗನ ಹೆಣದ ಹಿಂದೆ ಅಳುತ್ತ ನಡೆದವಳು ಬಂದಳು. ಬರಗಾಲದಲ್ಲಿ ಇದ್ದ ಕೊನೆಯ ಹಿಡಿ ಹಿಟ್ಟಿನಲ್ಲಿ ಪ್ರವಾದಿಗೆ ರೊಟ್ಟಿ ಸುಟ್ಟುಕೊಟ್ಟವಳು ಬಂದಳು. ಅವಳ ಮೊಗೆಯಲ್ಲಿ ಎಣ್ಣೆ ಮುಗಿಯಲೇ ಇಲ್ಲ. ಸಿಲಿಂಡರು ಕೇಳಿದ ಆ ಬುಧವಾರ ನೆನಪಾಗಬೇಕಿದ್ದ ಎಣ್ಣೆ ಅದು ಎಂಬುದು ಅವರಿಗೆ ಆ ಗಾದಿಯ ಮೇಲೆ ಕುಳಿತಾಗ ತಿಳಿಯಿತು. ಹೇಳಲು ಬೇಕಾದಷ್ಟಿತ್ತು. ಕೇಳುವವರೂ ಎದುರಿಗೇ ಇದ್ದರು.

"ಎತ್ರಿ," ಎಂದರು ಪ್ರೇಮಾವತಿ.

"ನಾ ಹೆಂಗರಿ..."

"ಭಾರ ಐತಿ. ನಾ ಕೆಳಗ ಹಿಡೀತೀನಿ. ಎತ್ರಿ."

ನರ್ಮದಾಬಾಯಿ ಸೀರೆ ಎತ್ತಿದರು. ಪ್ರೇಮಾವತಿ ಸೀರೆಯ ಕೆಳಗೆ ಕೈ ಕೊಟ್ಟರು, ಅದರ ಅವಶ್ಯಕತೆ ಏನೂ ಇರಲಿಲ್ಲ. ನರ್ಮದಾಬಾಯಿ ಆ ದಾಳಿಂಬೆ ಬಣ್ಣವನ್ನು ಎದೆಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತರು. ಪ್ರೇಮಾವತಿ ಅವರ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತರು. ಅಂಗಡಿಯವಳು ಇಂಥದನ್ನು ಬಹಳ ಕಂಡವಳು. ಸೀರೆಯ ಮೇಲೆ ಹನಿ ಬೀಳದಂತೆ ಒಂದು ಕರವಸ್ತ್ರ ತಂದುಕೊಟ್ಟು, ಮ್ಯಾಚಿಂಗ್ ಬ್ಲೌಸ್ ಪೀಸು ತೋರಿಸಲೇ ಎಂದು ಕೇಳಿದಳು.

ಮರಳುವಾಗ ರಿಕ್ಷಾದಲ್ಲಿ ಫೋನು ಬಂತು. ಧಾರವಾಡದ ನಾದಿನಿ. ಗದ್ದಲದಲ್ಲಿ ಕೇಳಿಸದೆ ನರ್ಮದಾಬಾಯಿ ಸ್ಪೀಕರಿಗೆ ಹಾಕಿದರು.

"ಸೀರಿ ಆತೇನು ವೈನಿ? ನಾ ಹೇಳಿದಂಗ ಮಾಡಿದ್ಯೋ ಇಲ್ಲೋ? ಯಾರು ಎತ್ತಿದ್ರು?"

ನರ್ಮದಾಬಾಯಿ ಫೋನನ್ನು ಪ್ರೇಮಾವತಿಯ ಕೈಗೆ ಕೊಟ್ಟುಬಿಟ್ಟರು. ಸುಳ್ಳಿನ ಬಗ್ಗೆ ಪ್ರೇಮಾವತಿ ಇದುವರೆಗೆ ಗುಂಪಿಗೆ ಸಾಕಷ್ಟು ಪಾಠಗಳನ್ನು ಕಳಿಸಿದ್ದರು. ಅವರು ಒಮ್ಮೆ ಉಸಿರೆಳೆದುಕೊಂಡು ಫೋನಿನ ಕಡೆ ಬಗ್ಗಿದರು.

"ನಮಸ್ಕಾರರಿ. ನಾ ಎದುರು ಮನ್ಯಾಕಿ, ಪ್ರೇಮಾವತಿ. ನಾನೂ ಕೈ ಹಚ್ಚೀನ್ರಿ. ಆದ್ರ ಮೊದಲು ಎತ್ತಿದಾಕಿ ಹುಡುಗಿ ತಾಯಿ."

ರಿಕ್ಷಾದವನು ಬಸ್ಸೊಂದಕ್ಕೆ ಬೈದ.

"ಅಂಗಡ್ಯಾಕಿನ ಅಕಿ ಕೈಗೆ ಕೊಟ್ಟಳ್ರಿ," ಎಂದು ಪ್ರೇಮಾವತಿ ಮುಂದುವರಿಸಿದರು. "ನಾನೂ ಎತ್ರಿ ಅಂದೆ. ತಪ್ಪಾಗಿದ್ರ ನನ್ನ ಮ್ಯಾಲೆ ಇರ್ಲಿ."

"ವೈನಿ ಅತ್ತಳೇನು?" ಎಂದು ನಾದಿನಿಯ ದನಿ ಬಂತು. ಅದು ಮೊದಲಿನಷ್ಟು ಗಡುಸಾಗಿರಲಿಲ್ಲ.

"ಅತ್ತಳ್ರಿ."

"ನಮ್ಮ ಅಣ್ಣಾ ಇದ್ದಿದ್ರ ಅವನೂ ಅಳತಿದ್ದ," ಎಂದಿತು ಆ ದನಿ. ಮೂಗು ಒರೆಸಿಕೊಂಡ ಸದ್ದಾಯಿತು. "ಇರ್ಲಿ ಬಿಡ್ರಿ. ಬಣ್ಣ ಯಾವುದು ಹೇಳ್ರಿ. ಅಂಚು ಎಷ್ಟು ಅಗಲ ಅದ?"

ನರ್ಮದಾಬಾಯಿ ಫೋನು ಕಿತ್ತುಕೊಂಡು ಅಂಚಿನ ಅಗಲ ಹೇಳತೊಡಗಿದರು.