ಸೋಫಾನಾಡು, ಕುರ್ಚಿಸ್ತಾನ ಮತ್ತು ಒಂದು ಕಪಾಟು

ನಮ್ಮ ಹಜಾರದಲ್ಲಿ ಎರಡು ದೇಶಗಳು ಹುಟ್ಟಿಕೊಂಡದ್ದು ಶಾಲೆಯ ಮನೆಗೆಲಸದ ದೆಸೆಯಿಂದ. ಒಂದು ಹೊಸ ದೇಶ ಕಲ್ಪಿಸಿ, ಅದರ ಬಾವುಟ, ಕಾನೂನು, ಧರ್ಮ ಎಲ್ಲ ಬರೆದು ತನ್ನಿ ಎಂದು ಮೇಷ್ಟರು ಹೇಳಿದರಂತೆ. ಅವರಿಗೇನು, ಹೇಳಿ ಕೈತೊಳೆದುಕೊಂಡರು. ದೊಡ್ಡಣ್ಣನ ಮಗಳು ಹಜಾರದ ಎಡಭಾಗದಲ್ಲಿ ಸೋಫಾನಾಡು ಕಟ್ಟಿದಳು, ಚಿಕ್ಕಣ್ಣನ ಮಗಳು ಬಲಭಾಗದಲ್ಲಿ ಕುರ್ಚಿಸ್ತಾನ. ನಡುವೆ ಸೀಮೆಸುಣ್ಣದ ಗೆರೆ. ಅಡುಗೆಮನೆಗೆ ಹೋಗಲು ನನಗೆ ವೀಸಾ ಬೇಕು, ಅದೂ ನಾನು ಹುಟ್ಟಿ ಬೆಳೆದ ಮನೆಯಲ್ಲಿ!

ಮಕ್ಕಳದ್ದು ಆಟ, ಹೋಗಲಿ. ಅವರ ಅಪ್ಪಂದಿರದ್ದೇನು? ಅಬ್ಬನ, ಅಂದರೆ ನಮ್ಮಪ್ಪನ, ಮರಗೆಲಸದ ಅಂಗಡಿಯನ್ನು ಅಣ್ಣಂದಿರಿಬ್ಬರೂ ಸೇರಿ ನಡೆಸುತ್ತಾರೆ. ಅಳತೆ ದೊಡ್ಡಣ್ಣನದು, ಕಟ್ಟುವುದು ಚಿಕ್ಕಣ್ಣನದು, ಸೋಫಾಗಳಿಗೆ ಸ್ಪಂಜು ತುಂಬಿ ಬಟ್ಟೆ ಹೊಲಿಯುವುದು ನನ್ನದು. ಹೋದ ತಿಂಗಳು ಹಲ್ಲಿನ ಡಾಕ್ಟರೊಬ್ಬರಿಗೆ ಮಾಡಿಕೊಟ್ಟ ಕಪಾಟು ಅವರ ಬಾಗಿಲಲ್ಲೇ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಡಾಕ್ಟರು ಪಾಪ, ತಮ್ಮ ಮನೆಗೆ ತಾವೇ ಕಿಟಕಿಯಿಂದ ಇಳಿದರು. ಅಳೆದದ್ದೇ ತಪ್ಪು ಎಂದು ಚಿಕ್ಕಣ್ಣ, ಕಟ್ಟಿದ್ದೇ ತಪ್ಪು ಎಂದು ದೊಡ್ಡಣ್ಣ. ಅಂದಿನಿಂದ ಮಾತು ಬಂದ್. ಮೊದಲು ಬಾಯಿ ಬಿಟ್ಟವನು ಸೋತಂತೆ ಎಂದು ಇಬ್ಬರೂ ಹಟ ಹಿಡಿದು ಕೂತರು. ವಾಪಸು ಬಂದ ಕಪಾಟು ಅಂಗಡಿಯ ಮೂಲೆಯಲ್ಲಿ ನಿಂತಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದದ್ದು ತಂಗಿ. "ಅವನಿಗೆ ಹೇಳು, ಮೊಳೆ ಮುಗಿದಿದೆ." "ಅವನಿಗೆ ಹೇಳು, ನನಗೂ ಕಣ್ಣಿದೆ." ಒಂದೇ ಮೇಜಿನ ಆಚೆ ಈಚೆ ನಿಂತವರ ನಡುವೆ ನಾನು ಅಂಚೆಯವಳು. ಈಗ ಅಂಗಡಿಯನ್ನೇ ಪಾಲು ಮಾಡುವ ಮಾತು ಎದ್ದಿತ್ತು. ಪಾಲಾದರೆ ನನ್ನ ಹೊಲಿಗೆ ಯಂತ್ರ ಯಾರ ಕಡೆ? ನಾನು ಯಾರ ಕಡೆ? ನೆನೆದರೆ ಊಟ ಸೇರುತ್ತಿರಲಿಲ್ಲ.

ಆ ಸಂಜೆ ಅಮ್ಮ ಬೆಳ್ಳುಳ್ಳಿ ಬಿಡಿಸುತ್ತ ಗೆರೆಯ ಪಕ್ಕದಲ್ಲಿ ಕೂತು ಎರಡೂ ದೇಶಗಳ ವಿಚಾರಣೆ ಶುರು ಮಾಡಿದಳು.

"ಧರ್ಮ ಯಾವುದು ಬರ್ದಿದ್ದೀರಿ?"

"ಇಸ್ಲಾಂ. ನಾನು ಮೊದಲು ಬರೆದೆ ಅಜ್ಜಿ, ಇವಳು ಕಾಪಿ ಹೊಡೆದಳು!" ಎಂದಳು ಸೋಫಾನಾಡಿನ ರಾಣಿ.

"ಅದರಲ್ಲಿ ಕಾಪಿ ಏನ್ ಬಂತು? ಅಲ್ಲಾಹ್ ಒಬ್ಬನೇ. ಸೋಫಾಗೊಬ್ಬ, ಕುರ್ಚಿಗೊಬ್ಬ ಅಂತ ಪಾಲು ಹಾಕೋಕಾಗಲ್ಲ."

ಪಾಲು ಎಂಬ ಮಾತು ಕೇಳಿ ನನಗೆ ಅಂಗಡಿ ನೆನಪಾಯಿತು. ಮಕ್ಕಳಿಗೆ ಅದೆಲ್ಲ ಎಲ್ಲಿ?

"ಎಲ್ಲ ಜನಕ್ಕೂ ಪ್ರವಾದಿ ಬಂದಿದ್ರು ಅಂತೀಯಲ್ಲ ಅಜ್ಜಿ, ಕುರ್ಚಿಸ್ತಾನಕ್ಕೆ ಯಾರು ಬಂದಿದ್ರು?" ಎಂದಳು ಚಿಕ್ಕಣ್ಣನ ಮಗಳು.

"ನಿಮ್ಮ ದೇಶ ಹುಟ್ಟಿದ್ದೇ ನಿನ್ನೆ. ಕೊನೆಯ ಪ್ರವಾದಿ ಬಂದು ಹೋಗಿ ಸಾವಿರದ ನಾನೂರು ವರ್ಷ ಆಯ್ತು. ಕುರಾನೂ ಬಂದಾಯ್ತು. ಹೇಳೋದೆಲ್ಲ ಹೇಳಿ ಆಗಿದೆ, ನೀವು ಕೇಳೋದೊಂದೇ ಬಾಕಿ."

"ಹೆಗಲ ಮೇಲೆ ಕೂತು ನಾವು ಮಾಡಿದ್ದೆಲ್ಲ ಬರೆಯೋ ದೇವದೂತರು ಇರ್ತಾರಲ್ಲ, ಗಡಿ ದಾಟುವಾಗ ಅವರಿಗೂ ವೀಸಾ ಬೇಕಾ?" ಎಂದು ಮತ್ತೆ ಕುರ್ಚಿಸ್ತಾನ.

"ತಡೆದು ನೋಡು. ಅದನ್ನೂ ಬರ್ಕೊಳ್ತಾರೆ."

ಸೋಫಾನಾಡು ಗಡಿಸುಂಕದ ಮಾತೆತ್ತಿತು. ದಾಟಿದವರೆಲ್ಲ ಪೆಪ್ಪರ್‌ಮಿಂಟು ಕೊಡಬೇಕು, ಅದೇ ಜಕಾತು ಎಂದಳು ರಾಣಿ. ಅಮ್ಮನಿಗೆ ರೇಗಿತು. "ಜಕಾತು ಅಂದ್ರೆ ಇದ್ದವರು ಇಲ್ಲದವರಿಗೆ ಕೊಡೋದು. ಹಲ್ಲಿಲ್ಲದ ಮುದುಕಿ ಕೈಯಿಂದ ಪೆಪ್ಪರ್‌ಮಿಂಟು ಕಿತ್ಕೊಳ್ಳೋದು ಹಗಲು ದರೋಡೆ! ಅದಿರಲಿ, ನಿಮ್ಮ ದೇಶದವರು ನಮಾಜಿಗೆ ಯಾವ ಕಡೆ ಮುಖ ಮಾಡ್ತಾರೆ?"

ಇಬ್ಬರೂ ಒಟ್ಟಿಗೆ ಕೈ ತೋರಿಸಿದರು. ಇಬ್ಬರ ಬೆರಳೂ ಒಂದೇ ಕಿಟಕಿಯ ಕಡೆ. ಅಮ್ಮ ಬೆಳ್ಳುಳ್ಳಿಯ ತಟ್ಟೆ ಎತ್ತಿಕೊಂಡು ಎದ್ದಳು.

ಮಗ್ರಿಬ್ ಹೊತ್ತಾಯಿತು. ಮಂಡಿನೋವು ಹೆಚ್ಚಿದ ಮೇಲೆ ಅಬ್ಬ ಸಂಜೆಯ ನಮಾಜನ್ನು ಹಜಾರದಲ್ಲೇ ಮಾಡಿಸುತ್ತಾರೆ. ಜಗಳವಾದಾಗಿನಿಂದ ಅಣ್ಣಂದಿರು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಈಗ ಪ್ರಜೆಗಳೆಲ್ಲ ಹಾಜರಿರಬೇಕೆಂದು ಎರಡೂ ದೇಶಗಳಲ್ಲಿ ಕಾನೂನಾಗಿತ್ತು. ಮಕ್ಕಳು ತಮ್ಮ ತಮ್ಮ ಅಪ್ಪನ ತೋಳು ಹಿಡಿದು ಎಳೆತಂದರು.

ಅಬ್ಬ ಮುಂದೆ. ಹಿಂದೆ ಎಡಗಡೆ ದೊಡ್ಡಣ್ಣ, ಬಲಗಡೆ ಚಿಕ್ಕಣ್ಣ, ಅವರವರ ಚಾಪೆ ಅವರವರ ದೇಶದಲ್ಲಿ. ಅವರ ಹಿಂದೆ ನಾವು ಹೆಂಗಸರು, ಮಕ್ಕಳು.

ಅಬ್ಬ ತಿರುಗಿ ನೋಡಿದರು. "ಸಾಲು ಸರಿ ಮಾಡಿ. ಹೆಗಲಿಗೆ ಹೆಗಲು. ಸಂದು ಬಿಡಬೇಡಿ."

ಯಾರೂ ಅಲುಗಲಿಲ್ಲ. ಸಂಜೆಯ ನಮಾಜಿಗೆ ಹೊತ್ತು ಕಡಿಮೆ, ಕಿಟಕಿಯಾಚೆ ಕೆಂಪು ಕರಗುತ್ತಿತ್ತು. ಅಬ್ಬ ನಮಾಜು ಶುರು ಮಾಡಲು ಕೈ ಎತ್ತದೆ ಹಾಗೇ ನಿಂತರು. ಗಂಡುಮಕ್ಕಳಿಬ್ಬರ ನಡುವಿನ ಜಾಗವನ್ನು ಮೇಲಿಂದ ಕೆಳಗೆ ನೋಡಿದರು.

"ಈ ಸಂದಿನಲ್ಲಾದ್ರೆ ಆ ಕಪಾಟು ಹೋಗುತ್ತೆ ನೋಡಿ."

ಅತ್ತಿಗೆಯರಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡರು. ಚಿಕ್ಕಣ್ಣನ ಬೆನ್ನು ಕುಲುಕಿತು. ದೊಡ್ಡಣ್ಣ ಕೆಮ್ಮಿದಂತೆ ಮಾಡಿದ. ಆಮೇಲೆ ಇಬ್ಬರೂ ಒಂದೊಂದು ಹೆಜ್ಜೆ ಸರಿದರು, ಇನ್ನೊಂದು ಹೆಜ್ಜೆ ಸರಿದರು. ಚಾಪೆಗಳು ತಮ್ಮ ದೇಶದಲ್ಲೇ ಉಳಿದವು. ಅಣ್ಣಂದಿರು ಬರಿನೆಲದ ಮೇಲೆ, ಗೆರೆಯನ್ನು ತುಳಿದುಕೊಂಡು, ಹೆಗಲಿಗೆ ಹೆಗಲು ತಾಗಿಸಿ ನಿಂತರು.

ನಮಾಜಿನಲ್ಲಿ ಕಣ್ಣು ಹಣೆಯೂರುವ ಜಾಗದ ಮೇಲಿರಬೇಕು. ನನ್ನ ಕಣ್ಣು ಆ ಎರಡು ಹೆಗಲುಗಳ ಮೇಲಿತ್ತು, ಅಲ್ಲಾಹ್ ಕ್ಷಮಿಸಲಿ. ಕೊನೆಗೆ ಸಲಾಮಿನ ಹೊತ್ತು ಬಂತು. ಎಲ್ಲರೂ ಮೊದಲು ಬಲಕ್ಕೆ ಮುಖ ತಿರುಗಿಸಬೇಕು. ದೊಡ್ಡಣ್ಣನ ಬಲಕ್ಕೆ ಇದ್ದವನು ಚಿಕ್ಕಣ್ಣ. "ಅಸ್ಸಲಾಮು ಅಲೈಕುಂ," ನಿಮ್ಮ ಮೇಲೆ ಶಾಂತಿ ಇರಲಿ. ಆಮೇಲೆ ಎಡಕ್ಕೆ. ಈಗ ಚಿಕ್ಕಣ್ಣನ ಸರದಿ, ಅದೇ ಮಾತು.

"ದೊಡ್ಡಪ್ಪ ಮೊದಲು ಮಾತಾಡಿದ್ರು!" ಎಂದು ಕುರ್ಚಿಸ್ತಾನ ಕಿರುಚಿತು.

"ಅದು ನಮಾಜಿನ ಸಲಾಮು ಕಣೇ. ದೇವದೂತರಿಗೆ," ಎಂದ ದೊಡ್ಡಣ್ಣ.

"ಪಕ್ಕದಲ್ಲಿ ನಿಂತವನಿಗೂ ಸೇರಿ," ಎಂದರು ಅಬ್ಬ, ತಿರುಗಿಯೂ ನೋಡದೆ.

ದೊಡ್ಡಣ್ಣ ತಲೆ ಕೆರೆದುಕೊಂಡ. ಅಭ್ಯಾಸಬಲ, ನನ್ನ ಕಡೆ ತಿರುಗಿದ. "ಅವನಿಗೆ ಹೇಳು, ನಾಳೆ..." ಎಂದು ಅಲ್ಲೇ ನಿಲ್ಲಿಸಿದ. ಅವನು ಪಕ್ಕಕ್ಕೆ ತಿರುಗಿ ಹೇಳಿದ, "ನಾಳೆ ಬೇಗ ಬಾರೋ. ಕಪಾಟು ಬಿಚ್ಚಿ ಕಟ್ಟೋಣ. ಬಾಗಿಲ ಚೌಕಟ್ಟಿನ ಹೊರಗಿಂದ ಅಳೆದುಬಿಟ್ಟಿದ್ದೆ."

"ಕಟ್ಟುವಾಗಲೇ ನಂಗೆ ಅನುಮಾನ ಬಂದಿತ್ತಣ್ಣ," ಎಂದ ಚಿಕ್ಕಣ್ಣ. "ಆದರೂ ನಿನ್ನನ್ನ ಕೇಳಲಿಲ್ಲ ನಾನು."

ಸೋಫಾನಾಡಿನ ರಾಣಿ ನೆಲ ತಡಕುತ್ತಿದ್ದಳು. "ಗಡಿ ಎಲ್ಲಿ ಹೋಯ್ತು?"

ಗಡಿ ಅವರ ಅಪ್ಪಂದಿರ ಮೊಣಕಾಲಿಗೆ ಬೆಳ್ಳಗೆ ಮೆತ್ತಿಕೊಂಡಿತ್ತು. ನನಗೆ ಅಳು ಉಕ್ಕಿ ಬಂತು. ಯಾರಿಗೂ ಕಾಣದಿರಲೆಂದು, ವೀಸಾ ಕೇಳದೆ, ನೆಟ್ಟಗೆ ಅಡುಗೆಮನೆಗೆ ಹೋದೆ.