ವೆರ್ಲಾ ಕೊಟ್ಟ ಹಲುಬೆ

ಸುಮ್ಮನೆ ನಿಂತವರನ್ನು ಕಂಡರೆ ವೆರ್ಲಾ ಟ್ಯಾಡನ್ ಅವರಿಗೆ ಆಗುತ್ತಿರಲಿಲ್ಲ. ಮೈದಾನದ ಬೇಲಿಗೆ ಒರಗಿ ನಿಂತವನು ಪಾದ್ರಿಯಾಗಲಿ, ಬಿತ್ತನೆ ಬೀಜದ ಏಜೆಂಟಾಗಲಿ, ಊರಿಗೆ ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರೇ ಆಗಲಿ, ಹೆಸರು ಕುಲ ಒಂದನ್ನೂ ವಿಚಾರಿಸದೆ ಉದ್ದ ಕೋಲಿನ, ಕಬ್ಬಿಣದ ಹಲ್ಲುಗಳ ಹಲುಬೆಯೊಂದನ್ನು ತಂದು ಅವನ ಕೈಯಲ್ಲಿಟ್ಟು, "ಎರಡನೇ ಬೇಸಿನ ಹತ್ರ ಮಣ್ಣು ಗಂಟು ಕಟ್ಟಿದೆ, ಸ್ವಲ್ಪ ಎಳೆದ್ಬಿಡಿ" ಎಂದು ಹೇಳಿ ಹೊರಟುಬಿಡುತ್ತಿದ್ದರು. ನಮ್ಮ ಶಾಲೆಗಳ ಮೇಲಧಿಕಾರಿಯೊಬ್ಬ ಮೈದಾನದ ದೀಪಗಳ ವಿಷಯವಾಗಿ ಜಗಳವಾಡಬೇಕೆಂದು ಕೋಪದಿಂದ ಬಂದವನು ಅರ್ಧ ಗಂಟೆ ಮಣ್ಣೆಳೆದು, ಬೆವರೊರೆಸಿಕೊಂಡು, ಬಂದ ಕೆಲಸವನ್ನೇ ಮರೆತು ಮನೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವೆರ್ಲಾ ಕೋಚ್ ಆಗಿದ್ದ ನಮ್ಮ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ಬೇಸಿಗೆ ಸ್ಕೋರ್ ಬರೆದೆ. ಆಟದ ಮೇಲಿನ ಪ್ರೀತಿಯಿಂದ ಬರೆದೆ ಎಂದು ಜನ ತಿಳಿದಿದ್ದಾರೆ, ನಿಜವಾಗಿ ಕೈಯಲ್ಲಿ ಪುಸ್ತಕವಿದ್ದರೆ ಹಲುಬೆ ಬರುವುದಿಲ್ಲವೆಂಬ ದೂರಾಲೋಚನೆಯಿಂದ ಬರೆದೆ.

ಅವರ ನಡಿಗೆಯನ್ನು ಅರ್ಧ ಮೈಲಿ ದೂರದಿಂದಲೇ ಗುರುತಿಸಬಹುದಾಗಿತ್ತು. ಎಡಮಂಡಿ ಎಂದೋ ಕೆಟ್ಟಿತ್ತು. ಬಲಗಾಲು ಒಂದು ತೀರ್ಮಾನ ಮಾಡಿ ಮುಂದೆ ಹೋದರೆ ಎಡಗಾಲು ಕೊಂಚ ಯೋಚಿಸಿ ಒಪ್ಪಿಕೊಂಡು ಹಿಂದೆ ಬರುತ್ತಿತ್ತು. ಜುಲೈ ತಿಂಗಳ ನಡುಬೇಸಿಗೆಯಲ್ಲಿ, ಅಮೆರಿಕದ ನಮ್ಮ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳೇ ಉಸಿರು ಬಿಟ್ಟಂತೆ ಸೆಕೆ ಏಳುವಾಗಲೂ ಆಕೆ ತೀರಿಹೋದ ಗಂಡನ ಕಂದು ಬಣ್ಣದ, ಕೊಟ್ಟಿಗೆ ಕೆಲಸದ ದಪ್ಪ ಕೋಟನ್ನು ತೊಟ್ಟೇ ಇರುತ್ತಿದ್ದರು. ಅದರ ಜೇಬುಗಳಲ್ಲಿ ಸೂರ್ಯಕಾಂತಿ ಬೀಜ, ತಲೆಗೂದಲ ರಬ್ಬರು, ಗಾಯದ ಪಟ್ಟಿ, ಶೂ ದಾರ, ಒಂದು ಸುತ್ತಿಗೆ. "ಬೇಯಲ್ವೇನ್ರಿ ಈ ಬಿಸಿಲಲ್ಲಿ?" ಎಂದು ಕೇಳಿದವರಿಗೆ, "ಅದಿರಲಿ, ಜೇಬು ಬೇಕಲ್ಲ" ಎಂಬ ಉತ್ತರ. ಈ 'ಅದಿರಲಿ' ಆಕೆಯ ಮಾತಿನ ಹೊಸಿಲು; ಹೊಗಳಿಕೆ ಬರಲಿ, ತೆಗಳಿಕೆ ಬರಲಿ, ಅದನ್ನು ಹೊಸಿಲಾಚೆಯೇ ಚಪ್ಪಲಿಯಂತೆ ಬಿಡಿಸಿ ಆಕೆ ಮಾತಿಗೆ ಇಳಿಯುತ್ತಿದ್ದರು.

ಇಂಥ ವೆರ್ಲಾರಿಗೂ ಊರಿಗೂ ನಡುವೆ ಪ್ರತಿ ಬೇಸಿಗೆ ಏಳುತ್ತಿದ್ದ ತಕರಾರು ಒಂದೇ: ಹೈಸ್ಕೂಲ್ ತಂಡದಲ್ಲಿ ಆಡಿದರೆ ಕಾಲೇಜಿನವರು ಕರೆಯುತ್ತಾರೆಯೇ? ಬೇರೆ ರಾಜ್ಯಗಳಲ್ಲಿ ಶಾಲೆಯ ಸಾಫ್ಟ್‌ಬಾಲ್ ವಸಂತಕ್ಕೋ ಶರತ್ತಿಗೋ ನಡೆಯುತ್ತದೆ. ನಾವು ಮಾತ್ರ ಅದನ್ನು ನಡುಬೇಸಿಗೆಯಲ್ಲಿ ಆಡುತ್ತೇವೆ. ಕಾಲೇಜಿನ ತರಬೇತುದಾರರು ಹುಡುಗಿಯರನ್ನು ಆರಿಸಿಕೊಳ್ಳಲು ದೊಡ್ಡ ನಗರಗಳ ಕ್ಲಬ್ ಪಂದ್ಯಾವಳಿಗಳಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂರುವುದೂ ಅದೇ ದಿನಗಳಲ್ಲಿ. ಹಾಗಾಗಿ ಚೆನ್ನಾಗಿ ಆಡುವ ಹುಡುಗಿಗೆ ನಮ್ಮಲ್ಲಿ ಎರಡು ದೋಣಿಯ ಮೇಲೆ ಕಾಲು. ಆ ವರ್ಷ ಹಾಗೆ ನಿಂತವಳು ಹೊಡೆಯುವವರ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಕ್ಯಾಚರ್ ಮ್ಯಾರೆನ್ ಪೋಸ್ಟ್, ಹನ್ನೊಂದನೇ ತರಗತಿ ಮುಗಿಸಿ ಹೈಸ್ಕೂಲಿನಲ್ಲಿ ಇನ್ನೊಂದೇ ವರ್ಷ ಉಳಿದಿದ್ದ ಹುಡುಗಿ. ಕಾಲೇಜಿನಲ್ಲಿ ಆಡಬೇಕೆಂಬುದು ಅವಳಿಗೆ ಎಂಟು ವರ್ಷದಿಂದ ಇದ್ದ ಒಂದೇ ಆಸೆ. ಆ ಬೇಸಿಗೆ ಕಳೆದರೆ ಕಾಲೇಜಿನವರ ಪಟ್ಟಿಗಳು ತುಂಬಿಹೋಗುತ್ತಿದ್ದವು.

ಅವಳ ತಂದೆ ಡಾರಿಲ್ ಪೋಸ್ಟ್ ಕೆಟ್ಟವನಲ್ಲ. ತನ್ನ ಕಾಲದಲ್ಲಿ ಈ ಊರು ಕಂಡ ಅತ್ಯುತ್ತಮ ಬೇಸ್‌ಬಾಲ್ ಆಟಗಾರ ಅವನೇ. ಅವನನ್ನು ನೋಡಲು ಒಬ್ಬನೇ ಒಬ್ಬ ಹೊರಗಿನವನೂ ಎಂದೂ ಬರಲಿಲ್ಲ. ಆ ನೋವು ಇಪ್ಪತ್ತೈದು ವರ್ಷ ಅವನೊಳಗೆ ಕೂತಿತ್ತು. ಮಗಳಿಗೆ ಹಾಗಾಗಬಾರದೆಂದು ಅವನು ಶನಿವಾರ ಭಾನುವಾರಗಳಂದು ನಸುಕಿನಲ್ಲೇ ಎದ್ದು ಅವಳನ್ನು ಡೆ ಮೊಯಿನ್ ನಗರದ ಕ್ಲಬ್ ತಂಡಕ್ಕೆ ಕರೆದೊಯ್ಯುತ್ತಿದ್ದ. ಈಗ ನಮ್ಮ ಪ್ರಾಂತೀಯ ಫೈನಲ್ ಬಿದ್ದಿದ್ದ ವಾರವೇ ಕೊಲರಾಡೊದಲ್ಲಿ ಕ್ಲಬ್ಬಿನ ದೊಡ್ಡ ಪಂದ್ಯಾವಳಿ ಬಿದ್ದಿತ್ತು.

"ಕೋಚಮ್ಮ, ನಿಮ್ಮ ಮೇಲೆ ಗೌರವ ಇದೆ," ಎಂದ ಡಾರಿಲ್, ಅಭ್ಯಾಸದ ಹೊತ್ತಿಗೆ ಬಂದು. "ಆದ್ರೆ ಈ ಹೊಲದ ಮಧ್ಯೆ ಅವಳು ಎಷ್ಟು ಚೆನ್ನಾಗಾಡಿದ್ರೂ ನೋಡೋರು ಯಾರು? ಹಸುಗಳು!"

"ಅದಿರಲಿ, ನೀನು ಹೇಳ್ತಿರೋದು ನಿಜ," ಎಂದರು ವೆರ್ಲಾ. "ಶಾಲೆ ಆಟ ನೋಡೋಕೆ ಕಾಲೇಜಿನವರು ಬರಲ್ಲ. ಬಂದ್ರೂ ವರ್ಷಕ್ಕೊಬ್ಬರು. ಕರ್ಕೊಂಡು ಹೋಗೋದಾದ್ರೆ ಕರ್ಕೊಂಡು ಹೋಗು. ನಾನು ತಡೆಯಲ್ಲ."

ಜಗಳಕ್ಕೆಂದು ತೋಳೇರಿಸಿ ಬಂದ ಡಾರಿಲ್ ಎದುರಾಳಿಯೇ ಸಿಗದೆ ಪೆಚ್ಚಾದ. ಮರುದಿನ ಮ್ಯಾರೆನ್ ಎಂದಿನಂತೆ ಬೆಳಿಗ್ಗೆಯೆಲ್ಲ ಬೀಜದ ಜೋಳದ ಹೊಲದಲ್ಲಿ ಕೂಲಿಗೆ ಗಿಡದ ತುದಿಯ ಸೂಲಂಗಿ, ಅಂದರೆ ಗಂಡು ಹೂ, ಕಿತ್ತು, ತೋಳಿನ ತುಂಬ ಗರಿಯ ಗೀರುಗಳೊಂದಿಗೆ ಸಂಜೆ ಅಭ್ಯಾಸಕ್ಕೆ ಹಾಜರಾದಳು. ಕೊಲರಾಡೊಗೆ ಹೋಗುವುದಿಲ್ಲವಂತೆ. ಏಕೆ ಎಂದು ನಾನು ಕೇಳಿದೆ.

"ಕ್ಲಬ್ಬಲ್ಲಿ ನಾನಿಲ್ದಿದ್ರೆ ಇನ್ನಿಬ್ಬರು ಕ್ಯಾಚರ್ ಇದಾರೆ, ಮೇಷ್ಟ್ರೇ. ಇಲ್ಲಿ ಜೋಸಿ ಎಸೆಯೋ ಚೆಂಡನ್ನ ಯಾರು ಹಿಡೀತಾರೆ? ಆ ಮಗು ಅತ್ತುಬಿಡತ್ತೆ."

ಜೋಸಿ ನಮ್ಮ ಪಿಚರ್. ಹದಿನಾಲ್ಕು ವರ್ಷ, ಕೈಯಲ್ಲಿ ಗುಂಡು, ಕಣ್ಣಲ್ಲಿ ನೀರು.

ಆ ವಾರದಲ್ಲೇ ಫೋನ್ ಬಂತು. ಸಾಮಾನು ಕೋಣೆಯಲ್ಲಿ ನಾನೂ ವೆರ್ಲಾರೂ ಹೆಲ್ಮೆಟ್ ಎಣಿಸುತ್ತಿದ್ದೆವು. ಕಿವಿ ಮಂದವಾದ್ದರಿಂದ ಆಕೆ ಫೋನನ್ನು ಯಾವಾಗಲೂ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಇಡುತ್ತಿದ್ದರು. ಪಕ್ಕದ ರಾಜ್ಯದ ಕಾಲೇಜೊಂದರ ತರಬೇತುದಾರ್ತಿ, ಇನೆಸ್ ಕಾರ್ವರ್ ಎಂದು ಹೆಸರು. ಮ್ಯಾರೆನ್‌ಳನ್ನು ಕ್ಲಬ್ ಪಂದ್ಯಗಳಲ್ಲಿ ನೋಡಿದ್ದಾರೆ. ಶಾಲೆಯ ಕೋಚ್ ಏನು ಹೇಳುತ್ತಾರೆಂದು ತಿಳಿಯಬೇಕು.

"ಓಡೋದು ನಿಧಾನ," ಎಂದರು ವೆರ್ಲಾ. "ಬ್ಯಾಟಿಂಗಲ್ಲಿ ಔಟಾದ್ರೆ ಮುಖ ಊದಿಸ್ಕೋತಾಳೆ. ನೆಟ್ಟಗಾಗೋಕೆ ಒಂದು ಇನ್ನಿಂಗ್ಸ್ ಬೇಕು. ಮುಖ ಊದಿಸ್ಕೊಂಡ ಮೇಲೂ ಏನು ಮಾಡ್ತಾಳೆ ಅನ್ನೋದನ್ನ ಫೋನಲ್ಲಿ ಹೇಳೋಕಾಗಲ್ಲ. ಬಂದು ನೋಡಿ."

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಡಾರಿಲ್ ನಿಂತಿದ್ದಾನೆ, ಮುಖ ಸುಣ್ಣದಂತೆ ಬಿಳುಪು.

"ಎಂಟು ವರ್ಷ," ಎಂದ. "ಎಂಟು ವರ್ಷ ಕಾದಿದ್ದ ಒಂದೇ ಫೋನು ಕೋಚಮ್ಮ ಅದು. ಒಂದು ಒಳ್ಳೇ ಮಾತು ಬರಲಿಲ್ವಾ ನಿಮ್ಮ ಬಾಯಲ್ಲಿ? ನನ್ನ ಮಗಳ ಬಾಯಿಗೆ ಮಣ್ಣು ಹಾಕಿಬಿಟ್ರಿ."

ವೆರ್ಲಾ 'ಅದಿರಲಿ' ಎನ್ನಲಿಲ್ಲ. "ನಾನು ಕೆಟ್ಟದ್ದನ್ನ ಮುಚ್ಚಿಟ್ರೆ ಒಳ್ಳೇದನ್ನ ಹೇಳಿದಾಗ ಯಾರು ನಂಬ್ತಾರೆ ಡಾರಿಲ್?" ಎಂದಷ್ಟೇ ಹೇಳಿದರು. ಅವನು ಬಾಗಿಲು ಬಡಿದುಕೊಂಡು ಹೋದ. ನನಗೂ ಆ ಹೊತ್ತು ಆಕೆಯ ಮೇಲೆ ಸಿಟ್ಟೇ ಬಂದಿತ್ತು. ಸತ್ಯವೇನೋ ಸರಿ, ಅದಕ್ಕೊಂದು ಹೊತ್ತು ಗೊತ್ತು ಬೇಡವೇ ಎಂದು ಹೆಲ್ಮೆಟ್ಟುಗಳನ್ನು ಎರಡೆರಡು ಸಲ ತಪ್ಪು ಎಣಿಸಿದೆ.

ಫೈನಲ್ ದಿನ ಬಂತು. ಪಂದ್ಯಕ್ಕೆ ಇನ್ನೂ ಒಂದೂವರೆ ಗಂಟೆ ಇರುವಾಗ, ಮಾಸಿದ ಟೋಪಿ ಹಾಕಿದ ಒಬ್ಬ ಹೆಂಗಸು ಬೇಲಿಯ ಬಳಿ ಬಂದು ಸುಮ್ಮನೆ ನಿಂತರು. ಆಮೇಲಿನದನ್ನು ನೀವೇ ಊಹಿಸಬಲ್ಲಿರಿ: ಬಲಗಾಲು ತೀರ್ಮಾನಿಸಿತು, ಎಡಗಾಲು ಒಪ್ಪಿತು, ಹಲುಬೆ ಆ ಕೈ ಸೇರಿತು. ಆ ಹೆಂಗಸು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮೂರನೆಯ ಬೇಸಿನ ಹಿಂದೆ ಮಣ್ಣೆಳೆಯಲು ತೊಡಗಿದರು. ನೋಡುತ್ತಿದ್ದ ಮ್ಯಾರೆನ್‌ಗೆ ತಡೆಯಲಾಗಲಿಲ್ಲ.

"ಅಯ್ಯೋ, ಹಾಗಲ್ಲ ಆಂಟಿ! ಹುಲ್ಲಿನ ಕಡೆಗೆ ಎಳೀಬೇಡಿ. ಅಂಚಲ್ಲಿ ಮಣ್ಣು ಸೇರಿ ಬದು ಏಳತ್ತೆ. ಚೆಂಡು ಆ ಬದುಗೆ ಬಡಿದ್ರೆ ನೇರ ಹಲ್ಲಿಗೆ ನೆಗೆಯತ್ತೆ. ಅಂಚಿನ ಗುಂಟ ಎಳೀರಿ. ಕೊಡಿ ಇಲ್ಲಿ. ನಿಮ್ಮೂರಲ್ಲಿ ಯಾರೂ ಹೇಳ್ಕೊಡಲಿಲ್ವಾ?"

ಹೆಂಗಸು ವಿಧೇಯರಾಗಿ ತಲೆಯಾಡಿಸಿ, ತೋರಿಸಿದಂತೆ ಅಂಚಿನ ಗುಂಟ ಎಳೆದರು. ಎಳೆದದ್ದು ಸಾಲದೆಂದು ಹುಡುಗಿ ಮತ್ತೊಮ್ಮೆ ಎಳೆಸಿದಳು. ಅಷ್ಟರಲ್ಲಿ ಡಾರಿಲ್ ಬಂದ. ನೂರು ಕ್ಲಬ್ ಪಂದ್ಯಗಳಲ್ಲಿ ಕಾಲೇಜಿನವರ ಮುಖಗಳನ್ನು ಕದ್ದು ಕದ್ದು ನೋಡಿ ಬಾಯಿಪಾಠ ಮಾಡಿಕೊಂಡಿದ್ದವನು ಅವನು. ಟೋಪಿಯ ಕೆಳಗಿನ ಮುಖ ಕಂಡದ್ದೇ ಕೈಯಲ್ಲಿದ್ದ ನಿಂಬೆ ಷರಬತ್ತನ್ನು ನನ್ನ ಸ್ಕೋರ್ ಪುಸ್ತಕದ ಮೇಲೆ ಚೆಲ್ಲಿದ.

"ಮೇಷ್ಟ್ರೇ, ಅದು ಇನೆಸ್ ಕಾರ್ವರ್," ಎಂದು ಪಿಸುಗುಟ್ಟಿದ. "ನನ್ನ ಮಗಳು ಇನೆಸ್ ಕಾರ್ವರ್‌ಗೆ ಬೈತಾ ಇದಾಳೆ."

ಪಂದ್ಯ ಶುರುವಾಯಿತು. ಮೂರನೆಯ ಇನ್ನಿಂಗ್ಸಿನಲ್ಲಿ, ಮೂರು ಬೇಸುಗಳಲ್ಲೂ ನಮ್ಮ ಹುಡುಗಿಯರು ಓಟಕ್ಕೆ ಕಾದು ನಿಂತಿದ್ದಾಗ, ಮ್ಯಾರೆನ್ ಮೂರು ಚೆಂಡಿಗೆ ಮೂರು ಬಾರಿ ಗಾಳಿಯನ್ನು ಹೊಡೆದು ಔಟಾದಳು. ಮುಖ ಊದಿತು, ವೆರ್ಲಾ ಫೋನಿನಲ್ಲಿ ಹೇಳಿದ್ದಕ್ಕಿಂತ ಒಂದು ಬೆರಳು ಜಾಸ್ತಿಯೇ ಊದಿತು. ಡಾರಿಲ್ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ. ಮುಂದಿನ ಸರದಿಯಲ್ಲಿ ಜೋಸಿಯ ಎಸೆತ ದಿಕ್ಕೆಟ್ಟು, ಎದುರಾಳಿಗಳಲ್ಲಿ ಇಬ್ಬರು ಹೊಡೆಯದೆಯೇ ಪುಕ್ಕಟೆಯಾಗಿ ಬೇಸು ಸೇರಿದರು. ಹುಡುಗಿಯ ಗಲ್ಲ ನಡುಗತೊಡಗಿತು. ಆಗ ಮ್ಯಾರೆನ್, ಊದಿದ ಮುಖದಲ್ಲೇ, ಎದ್ದು ಅವಳ ಬಳಿಗೆ ನಡೆದು ಏನೋ ಹೇಳಿದಳು. ಜೋಸಿ ಗೊಳ್ಳನೆ ನಕ್ಕಳು. ಮುಂದಿನ ಮೂವರು ಹುಡುಗಿಯರು ಚೆಂಡನ್ನು ಕಾಣದೆ ಮರಳಿದರು. ಹೇಳಿದ ಮಾತು ಇದು ಎಂದು ಆಮೇಲೆ ತಿಳಿಯಿತು: "ನಾನೀಗ ಇಡೀ ಊರೆದುರು ಮಾನ ಕಳ್ಕೊಂಡು ಬಂದಿದೀನಿ ಕಣೇ. ನಿಂದು ಅದರ ಮುಂದೆ ಏನೂ ಅಲ್ಲ. ಎಸಿ ಸುಮ್ನೆ."

ಏಳನೆಯ, ಅಂದರೆ ಕೊನೆಯ ಇನ್ನಿಂಗ್ಸ್. ನಾವು ಒಂದು ಓಟ ಮುಂದಿದ್ದೆವು. ಎದುರಾಳಿಗಳ ಇಬ್ಬರು ಔಟಾಗಿದ್ದರು, ಎರಡನೆಯ ಬೇಸಿನಲ್ಲಿ ಜಿಂಕೆಯಂಥ ಓಟಗಾರ್ತಿಯೊಬ್ಬಳಿದ್ದಳು; ಅವಳು ಮ್ಯಾರೆನ್ ಕಾಯುತ್ತಿದ್ದ ಕೊನೆಯ ಬೇಸು ಮುಟ್ಟಿದರೆ ಓಟ ಸಮ. ಹೊಡೆದ ಚೆಂಡು ಮೂರನೆಯ ಬೇಸನ್ನು ದಾಟಿ, ಮಣ್ಣು ಮುಗಿದು ಹುಲ್ಲು ಶುರುವಾಗುವ ಅಂಚಿಗೆ ಉರುಳಿತು, ಇನೆಸ್ ಕಾರ್ವರ್ ಎರಡೆರಡು ಸಲ ಎಳೆದಿದ್ದ ಆ ಅಂಚಿಗೇ. ಅಲ್ಲಿ ಬೆರಳಷ್ಟು ಬದು ಇದ್ದಿದ್ದರೂ ಚೆಂಡು ಮೈದಾನದ ಎಡಗಡೆ ಕಾಯುತ್ತಿದ್ದ ನಮ್ಮ ಹುಡುಗಿಯ ತಲೆ ಮೇಲೆ ಹಾರಿ ಬೇಲಿ ಮುಟ್ಟುತ್ತಿತ್ತು. ಅದು ಹಾರಲಿಲ್ಲ. ಮೇಜಿನ ಮೇಲೆ ಉರುಳಿದಂತೆ ಉರುಳಿ ಕೈಗವಸಿಗೆ ಬಂತು. ಹುಡುಗಿ ಎಸೆದಳು; ಮ್ಯಾರೆನ್ ಹಿಡಿದಳು; ಧೂಳಿನ ಮೋಡದೊಳಗೆ ಜಾರಿ ಬಂದ ಓಟಗಾರ್ತಿಯ ಕಣಕಾಲಿಗೆ ಚೆಂಡು ಮುಟ್ಟಿಸಿದಳು. ಔಟೆಂದು ಅಂಪೈರಿನ ಮುಷ್ಟಿ ಮೇಲೆದ್ದಾಗ ನಾನು, ಆ ಕೆಲಸಕ್ಕೆ ಕೂತ ಮೇಲೆ ಮೊದಲ ಬಾರಿಗೆ, ಸ್ಕೋರ್ ಬರೆಯುವುದನ್ನು ಮರೆತು ಪುಸ್ತಕವನ್ನೇ ಗಾಳಿಗೆ ಎಸೆದೆ.

ಊರೆಲ್ಲ ಕುಣಿಯುತ್ತಿದ್ದಾಗ ವೆರ್ಲಾ ಕುಂಟುತ್ತ ಬಂದು, "ಅದಿರಲಿ, ಮಣ್ಣೆಳೀರಿ" ಎಂದರು. ಗೆದ್ದರೂ ಸೋತರೂ ಇದು ತಪ್ಪಿದ್ದಲ್ಲ. ಹುಡುಗಿಯರು ನಗುತ್ತ, ಅಳುತ್ತ, ಪದಕ ಕೊರಳಲ್ಲೇ ಇಟ್ಟುಕೊಂಡು ಹಲುಬೆ ಹಿಡಿದರು. ಮಾಸಿದ ಟೋಪಿಯ ಹೆಂಗಸೂ ಬಂದು ಒಂದು ಹಿಡಿದರು. ಮ್ಯಾರೆನ್‌ಳ ಪಕ್ಕ ನಿಂತು ತಾವು ಯಾರೆಂದು ಹೇಳಿದರು. ಹುಡುಗಿಯ ಮುಖದಿಂದ ರಕ್ತವೇ ಇಳಿದುಹೋಯಿತು.

"ಮೊದಲೇ ಹೇಳ್ಬಾರ್ದಿತ್ತಾ ಮೇಡಂ!"

"ಪಂದ್ಯಕ್ಕೆ ಮುಂಚೆ ಆಡೋ ಹುಡುಗಿ ಹತ್ರ ಮಾತಾಡಬಾರದು ಅಂತ ನಮಗೆ ನಿಯಮ ಇದೆ. ಬಾಯಿ ಮುಚ್ಕೊಂಡು ಬೈಸ್ಕೊಂಡೆ," ಎಂದು ಕಾರ್ವರ್ ನಕ್ಕರು. ಆಮೇಲೆ ಡಾರಿಲ್‌ನ ಕಡೆ ತಿರುಗಿದರು. "ಕ್ಲಬ್ಬಿಗೆ ಕರ್ಕೊಂಡು ಹೋಗಿದ್ದು ನೀವೇ ಅಲ್ವಾ? ಅಲ್ಲಿ ನೋಡದಿದ್ರೆ ಇವಳ ಹೆಸರೇ ನನಗೆ ಗೊತ್ತಾಗ್ತಿರಲಿಲ್ಲ. ಆದ್ರೆ ಇವಳೂ ಸೇರಿ ಒಂದೇ ಮಟ್ಟದ ಕ್ಯಾಚರ್‌ಗಳು ನನ್ನ ಪಟ್ಟೀಲಿ ಮೂರು ಜನ ಇದ್ರು. ಮೂವರ ಶಾಲೆಗೂ ಫೋನ್ ಮಾಡ್ದೆ. ಇಬ್ಬರು ಕೋಚ್‌ಗಳು ದೇವತೆಗಳನ್ನ ವರ್ಣಿಸಿದ್ರು. ಈಯಮ್ಮ ಒಬ್ಬರೇ ಮನುಷ್ಯರನ್ನ ವರ್ಣಿಸಿದ್ದು."

ಡಾರಿಲ್ ವೆರ್ಲಾರ ಕೈಯಲ್ಲಿದ್ದ ಹಲುಬೆಯನ್ನು ಮೆಲ್ಲನೆ ಬಿಡಿಸಿಕೊಂಡು, ಅವರಿಗೆ ಬೆನ್ನು ಹಾಕಿ, ಎರಡನೆಯ ಬೇಸಿನವರೆಗೂ ಎಳೆಯುತ್ತ ಹೋದ. ಅವನ ಭುಜ ಕುಲುಕುತ್ತಿದ್ದುದು ಹಲುಬೆಯ ಭಾರಕ್ಕಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು.

ಹನ್ನೆರಡು ದಿನಗಳ ಮೇಲೆ ಕಾಲೇಜಿನಿಂದ ಮ್ಯಾರೆನ್‌ಗೆ ಕರೆ ಬಂತು: ತಂಡದಲ್ಲಿ ಜಾಗವಿದೆ, ಶಾಲೆ ಮುಗಿಸಿ ಬಾ. ಅವಳು ಜೋಳದ ಹೊಲದಿಂದ ಕೆಸರು ಬೂಟಿನಲ್ಲೇ ಓಡಿಬಂದು ಸಾಮಾನು ಕೋಣೆಯ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಸುದ್ದಿ ಹೇಳಿದಳು. ನಾನು 'ಅದಿರಲಿ'ಗಾಗಿ ಕಾದೆ. ಅದು ಬರಲಿಲ್ಲ. ವೆರ್ಲಾ ಚೆಂಡಿನ ಬುಟ್ಟಿಯ ಮೇಲೆ ಕುಸಿದು ಕೂತು, ಕೋಟಿನ ಜೇಬುಗಳಲ್ಲೆಲ್ಲ ಕರವಸ್ತ್ರ ಹುಡುಕಿದರು. ಇಲ್ಲದ ಸಾಮಾನೇ ಇಲ್ಲದ ಆ ಜೇಬುಗಳಲ್ಲಿ ಅದೊಂದು ಇರಲಿಲ್ಲ.

"ಇನ್ನೊಂದ್ಸಲ ಹೇಳೇ," ಎಂದರು, ಕಣ್ಣನ್ನು ತೋಳಿಗೆ ಒರೆಸಿಕೊಂಡು. "ಗಟ್ಟಿಯಾಗಿ ಹೇಳು. ನಂಗೆ ಕಿವಿ ಸರಿಯಿಲ್ಲ."

ಆಕೆ ಈಗ ತರಬೇತಿ ಬಿಟ್ಟಿದ್ದಾರೆ. ಬೇಲಿಯ ಹೊರಗೆ ಕೋಟು ತೊಟ್ಟು ಕೂರುತ್ತಾರೆ, ಒಳಗೆ ಡಾರಿಲ್ ಪೋಸ್ಟ್ ಬಂದವರ ಕೈಗೆಲ್ಲ ಹಲುಬೆ ಕೊಡುತ್ತಾನೆ. ಶಾಲೆಯ ಆಟದಿಂದ ಕಾಲೇಜು ಸಿಗುತ್ತದೆಯೇ ಎಂದು ಈಗಲೂ ಹೆತ್ತವರು ನನ್ನನ್ನು ಕೇಳುತ್ತಾರೆ. ಇಲ್ಲ, ಸಿಗುವುದಿಲ್ಲ, ವೆರ್ಲಾ ಹೇಳಿದ್ದೇ ನಿಜ ಎನ್ನುತ್ತೇನೆ. ಆದರೆ ಮಕ್ಕಳ ಎತ್ತರವನ್ನು ಅಳೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ದೂರದಿಂದ ಬರುತ್ತಾರೆ, ಗುರುತು ಹಾಕಿಕೊಂಡು ಹೋಗುತ್ತಾರೆ. ಮಕ್ಕಳು ನಿಂತ ನೆಲವನ್ನು ದಿನದಿನವೂ ಸಮ ಮಾಡುವವರು ಕೆಲವರೇ. ಅಂಥವರ ಹೆಸರು ಯಾವ ಸ್ಕೋರ್ ಪುಸ್ತಕದಲ್ಲೂ ಬರುವುದಿಲ್ಲ, ಹತ್ತೊಂಬತ್ತು ವರ್ಷ ಬರೆದವನು ನಾನು, ನನಗೆ ಗೊತ್ತು. ಚೆಂಡು ನೆಗೆಯದೆ ನೇರವಾಗಿ ಉರುಳಿ ಕೈಗೆ ಬಂದಾಗ, ಬಲ್ಲವರು ಮಾತ್ರ ಒಮ್ಮೆ ಬೇಲಿಯ ಕಡೆ ತಿರುಗಿ ನೋಡುತ್ತಾರೆ.